ಕಡಿಮೆ ಖರ್ಚಿನಲ್ಲಿ ಬಾಳಿಕೆಯ ಮಡಿಸುವ ಚಾಕು: ಆಯ್ಕೆ, ಪರೀಕ್ಷೆ ಮತ್ತು ನಿರ್ವಹಣೆ

ಬಿತ್ತನೆ ಬೀಜದ ಚೀಲದ ಹೊಲಿಗೆ ಬಿಚ್ಚುವುದು, ಹನಿ ನೀರಾವರಿಯ 16 ಮಿ.ಮೀ. ಪೈಪು ಕತ್ತರಿಸುವುದು, ಎತ್ತಿನ ಕೊರಳಿಗೆ ಬಿಗಿದ ಹಗ್ಗವನ್ನು ತಕ್ಷಣ ಕೊಯ್ಯುವುದು, ಬಿತ್ತನೆಯ ಆಲೂಗಡ್ಡೆ ಹೋಳು ಮಾಡುವುದು, ಮಧ್ಯಾಹ್ನದ ಬುತ್ತಿಗೆ ಉಳ್ಳಾಗಡ್ಡಿ ಹೆಚ್ಚುವುದು ಮುಂತಾದ ಹತ್ತಾರು ಕೆಲಸಗಳಿಗೆ ರೈತರು ಪ್ರತಿದಿನ ಅವಲಂಬಿಸುವ ಸಾಧನ ಕಿಸೆಯಲ್ಲಿನ ಮಡಿಸುವ ಚಾಕು. ಪಂಪ್‌ಸೆಟ್ ಅಥವಾ ಸಿಂಪರಣಾ ಯಂತ್ರ ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವ ರೈತ ಬಾಂಧವರು ಚಾಕುವನ್ನು ಮಾತ್ರ ಅದರ ಹೊಳಪು ನೋಡಿ ಕೊಳ್ಳುವುದು ಸಾಮಾನ್ಯವಾಗಿದೆ. ಆರು ತಿಂಗಳಲ್ಲಿ ಕೀಲು ಸಡಿಲವಾಗುವ 150 ರೂಪಾಯಿಯ ಚಾಕುವನ್ನು ಮೂರು ವರ್ಷಗಳಲ್ಲಿ ಆರು ಬಾರಿ ಕೊಂಡರೆ 900 ರೂಪಾಯಿ ಖರ್ಚಾಗುತ್ತದೆ. ಅದೇ ಅವಧಿಗೆ ಬಾಳುವ 450 ರೂಪಾಯಿಯ ಒಂದು ಚಾಕು ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ. ಕೆಲಸದ ನಡುವೆ ಅಲಗು ತಾನಾಗಿ ಮಡಚಿಕೊಂಡು ಬೆರಳು ಕೊಯ್ದರೆ ಬಿತ್ತನೆಯ ಹಂಗಾಮಿನಲ್ಲಿ ಆಗುವ ನಷ್ಟವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಸುಮಾರು 500 ರೂಪಾಯಿಯೊಳಗೆ ಕೊಳ್ಳಬಯಸುವವರನ್ನು ಗಮನದಲ್ಲಿರಿಸಿ ಈ ಮಾಹಿತಿಯನ್ನು ನೀಡಲಾಗಿದೆ. ಹಣ ಮಿತವಾಗಿದ್ದಾಗ ಮೊದಲು ಪರೀಕ್ಷಿಸಬೇಕಾದ ಭಾಗ ಕೀಲು. ಅಲಗಿನ ಉಕ್ಕು ಸಾಧಾರಣವಾಗಿದ್ದರೆ ವಾರಕ್ಕೊಮ್ಮೆ ಹೆಚ್ಚು ಮಸೆದು ನಿಭಾಯಿಸಬಹುದು. ಕೀಲು ಕೆಟ್ಟದ್ದಾಗಿದ್ದರೆ ಯಾವ ಆರೈಕೆಯಿಂದಲೂ ಅದು ಸುರಕ್ಷಿತವಾಗುವುದಿಲ್ಲ.

ಕೀಲು ಮತ್ತು ಲಾಕ್

ಮಾರುಕಟ್ಟೆಯಲ್ಲಿ ದೊರೆಯುವ ಅಗ್ಗದ ಮಡಿಸುವ ಚಾಕುಗಳಲ್ಲಿ ಹೆಚ್ಚಿನವು ಲಾಕ್ ಇಲ್ಲದವು. ಹಿಡಿಕೆಯ ಬೆನ್ನಿನಲ್ಲಿರುವ ಸ್ಪ್ರಿಂಗ್ ಪಟ್ಟಿಯೊಂದು ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಹಣ್ಣು ಕೊಯ್ಯಲು, ದಾರ ಕತ್ತರಿಸಲು ಇದು ಸಾಕು. ಆದರೆ ತುದಿಯಿಂದ ಚುಚ್ಚುವ, ತಿರುವುವ ಕೆಲಸದಲ್ಲಿ ಬಲವು ಹಿಮ್ಮುಖವಾಗಿ ಬಿದ್ದು ಅಲಗು ನೇರವಾಗಿ ಬೆರಳುಗಳ ಮೇಲೆ ಮಡಚಿಕೊಳ್ಳುತ್ತದೆ. ಹೊಲದ ಕೆಲಸಕ್ಕೆ ಲಾಕ್ ಇರುವ ಚಾಕುವನ್ನೇ ಆರಿಸುವುದು ಸೂಕ್ತ.

ಲಾಕ್‌ಗಳಲ್ಲಿ ಮೂರು ಬಗೆಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಬೆನ್ನಿನ ಮೇಲಿನ ಸನ್ನೆಯನ್ನು ಒತ್ತಿ ಬಿಡಿಸುವ ಬೆನ್ನು-ಲಾಕ್ ಗಟ್ಟಿಯಾದದ್ದು. ಆದರೆ ಅದರ ಕಚ್ಚಿನಲ್ಲಿ ಎರೆಮಣ್ಣು ಅಥವಾ ನಾರು ತುಂಬಿದರೆ ಅರ್ಧ ಮಾತ್ರ ಕೂರುತ್ತದೆ. ಮೇಲ್ನೋಟಕ್ಕೆ ಲಾಕ್ ಆದಂತೆ ಕಾಣುವುದರಿಂದ ಅಪಾಯ ಹೆಚ್ಚು. ಹಿಡಿಕೆಯೊಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆಧಾರ ಕೊಡುವ ಲೈನರ್ ಲಾಕ್‌ನಲ್ಲಿ ಆ ತಗಡಿನ ದಪ್ಪವನ್ನು ನೋಡಬೇಕು. ಉಗುರಿನಂತೆ ತೆಳುವಾಗಿದ್ದರೆ ಕೊಳ್ಳಬಾರದು. ಮೂರನೆಯದು ಕೀಲಿನ ಸುತ್ತಲಿನ ಉಂಗುರವನ್ನು ಕೈಯಿಂದ ತಿರುಗಿಸುವ ಬಗೆ. ಫ್ರಾನ್ಸಿನ ಸವೊಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ ಮರದ ಹಿಡಿಕೆಯ ಸರಳ ಚಾಕುವಿಗೆ 1955ರಲ್ಲಿ ಈ ಉಂಗುರ ಸೇರಿತು. ಹಿಡಿಕೆ, ಅಲಗು, ಉಂಗುರ, ಕೀಲಿನ ರಿವೆಟ್ ಎಂಬ ಕೆಲವೇ ಭಾಗಗಳಿರುವ ಈ ವಿನ್ಯಾಸವನ್ನು ಇಂದಿಗೂ ಜಗತ್ತಿನಾದ್ಯಂತ ಬಳಸಲಾಗುತ್ತಿದೆ. ಭಾಗಗಳು ಕಡಿಮೆಯಿದ್ದಷ್ಟೂ ಕೆಡುವುದು ಕಡಿಮೆ ಎಂಬುದಕ್ಕೆ ಇದು ಉತ್ತಮ ನಿದರ್ಶನ. ಮರದ ಹಿಡಿಕೆ ಮಳೆಗಾಲದಲ್ಲಿ ತೇವ ಹೀರಿ ಉಬ್ಬುವುದರಿಂದ ಧಾರವಾಡ, ಕಲಘಟಗಿ, ಅಳ್ನಾವರ ಭಾಗದ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಅಲಗು ಬಿಗಿಯಾಗುವುದು ಸಹಜ. ಹಿಡಿಕೆ ಒಣಗಿದರೆ ಸರಿಹೋಗುತ್ತದೆ.

ಜಾತ್ರೆ, ಸಂತೆಗಳಲ್ಲಿ ಮಾರುವ, ಗುಂಡಿ ಒತ್ತಿದೊಡನೆ ಚಿಮ್ಮಿ ತೆರೆಯುವ ಚಾಕುವನ್ನು ಕೊಳ್ಳಲೇಬಾರದು. ಅದರ ಸ್ಪ್ರಿಂಗ್ ಬೇಗ ಸೋಲುತ್ತದೆ, ಕಿಸೆಯೊಳಗೇ ತೆರೆದುಕೊಳ್ಳುವ ಸಂಭವವಿರುತ್ತದೆ ಮತ್ತು ಪೊಲೀಸರ ಅನುಮಾನಕ್ಕೆ ಎಡೆಯಾಗುತ್ತದೆ.

ಅಂಗಡಿಯಲ್ಲಿಯೇ ಪರೀಕ್ಷೆ

ಹುಬ್ಬಳ್ಳಿಯ ದುರ್ಗದಬೈಲ್, ಧಾರವಾಡದ ಸುಭಾಸ ರಸ್ತೆ ಅಥವಾ ವಾರದ ಸಂತೆ, ಎಲ್ಲಿಯೇ ಕೊಂಡರೂ ಐದು ನಿಮಿಷದ ಪರೀಕ್ಷೆ ಅವಶ್ಯಕ. ಒಂದೇ ಮಾದರಿಯ ಮೂರು-ನಾಲ್ಕು ಚಾಕುಗಳನ್ನು ಮುಂದಿರಿಸಿಕೊಳ್ಳಿರಿ. ಅಗ್ಗದ ಸರಕಿನಲ್ಲಿ ಒಂದಕ್ಕೊಂದು ವ್ಯತ್ಯಾಸ ಬಹಳವಿರುವುದರಿಂದ ಆ ಮೂರರಲ್ಲಿ ಒಂದು ಉತ್ತಮವಾಗಿರುವುದುಂಟು.

ಮೊದಲು ಮಡಿಸಿದ ಚಾಕುವನ್ನು ತುದಿಯ ಕಡೆಯಿಂದ ನೋಡಬೇಕು. ಅಲಗು ಹಿಡಿಕೆಯ ಎರಡು ಪಕ್ಕಗಳ ನಡುವೆ ಸರಿಯಾಗಿ ಕುಳಿತಿರಬೇಕು. ಒಂದು ಪಕ್ಕಕ್ಕೆ ಉಜ್ಜುತ್ತಿದ್ದರೆ ಕೀಲಿನ ರಂಧ್ರವೇ ಓರೆಯಾಗಿದೆ ಎಂದು ತಿಳಿಯಬೇಕು. ತುದಿ ಹಿಡಿಕೆಯಿಂದ ಹೊರಚಾಚಿರಬಾರದು. ನಂತರ ಅಲಗನ್ನು ಪೂರ್ತಿ ತೆರೆದು, ಒಂದು ಕೈಯಲ್ಲಿ ಹಿಡಿಕೆಯನ್ನೂ ಇನ್ನೊಂದು ಕೈಯಲ್ಲಿ ಅಲಗಿನ ಬೆನ್ನನ್ನೂ ಹಿಡಿದು, ಮೊದಲು ಎಡಬಲಕ್ಕೆ, ಆಮೇಲೆ ಮೇಲೆ ಕೆಳಗೆ ಅಲುಗಿಸಬೇಕು. ಎಡಬಲದ ಕೂದಲೆಳೆಯಷ್ಟು ಸಡಿಲವನ್ನು ಸಹಿಸಬಹುದು. ಕೀಲಿನಲ್ಲಿ ಸ್ಕ್ರೂ ಇದ್ದರೆ ಬಿಗಿ ಮಾಡಲೂಬಹುದು. ಮೇಲೆ ಕೆಳಗಿನ ಅಲುಗಾಟ ಲಾಕ್‌ನ ದೋಷ. ಅಂತಹ ಚಾಕುವನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಮೂರನೆಯ ಪರೀಕ್ಷೆಯಲ್ಲಿ ತೆರೆದ ಅಲಗಿನ ಬೆನ್ನನ್ನು ಕಟ್ಟಿಗೆಯ ಮೇಜಿನ ಅಂಚಿಗೆ ಇಟ್ಟು ನಿಧಾನವಾಗಿ ಒತ್ತಬೇಕು. ಈ ವೇಳೆ ಹಿಡಿಕೆಯನ್ನು ಎರಡು ಪಕ್ಕಗಳಿಂದ ಮಾತ್ರ ಹಿಡಿದು, ಅಲಗು ಮಡಚಿಕೊಳ್ಳುವ ದಾರಿಯಲ್ಲಿ ಬೆರಳುಗಳು ಇಲ್ಲದಂತೆ ನೋಡಿಕೊಳ್ಳುವುದು ಕಡ್ಡಾಯ. ಲಾಕ್ ಜಾರಿದರೆ ಅಲ್ಲಿಗೇ ಮುಗಿಯಿತು. ಗ್ರಾಮಮಟ್ಟದ ತರಬೇತಿಗಳಲ್ಲಿ ವಿಸ್ತರಣಾ ಕಾರ್ಯಕರ್ತರು ಈ ಮೂರು ಪರೀಕ್ಷೆಗಳನ್ನು ಒಂದು ಒಳ್ಳೆಯ, ಒಂದು ಕೆಟ್ಟ ಚಾಕುವಿನಿಂದ ಮಾಡಿ ತೋರಿಸಿದರೆ ಬಾಯಿಮಾತಿಗಿಂತ ಬೇಗ ಮನದಟ್ಟಾಗುತ್ತದೆ.

ಅಲಗಿನ ಉದ್ದ 7.5ರಿಂದ 9 ಸೆಂ.ಮೀ., ಬೆನ್ನಿನ ದಪ್ಪ 2ರಿಂದ 2.5 ಮಿ.ಮೀ. ಇದ್ದರೆ ದಿನಬಳಕೆಗೆ ಸಾಕು. ಅದಕ್ಕಿಂತ ದಪ್ಪ ಅಲಗು ಗಟ್ಟಿಯಾಗಿ ಕಂಡರೂ ಗಡ್ಡೆ, ಹಣ್ಣುಗಳನ್ನು ಕೊಯ್ಯದೆ ಸೀಳುತ್ತದೆ. ಅರ್ಧ ಅಲಗಿಗೆ ಗರಗಸದ ಹಲ್ಲು, ಹಿಡಿಕೆಯಲ್ಲಿ ಬ್ಯಾಟರಿ ದೀಪ, ಬಾಟಲಿ ತೆಗೆಯುವ ಕೊಕ್ಕೆ ಇರುವ ಚಾಕುಗಳಲ್ಲಿ ತಾವು ಕೊಟ್ಟ ಹಣ ಆ ಅಲಂಕಾರಗಳಿಗೆ ಹೋಗಿರುತ್ತದೆ.

ಯಾವ ಉಕ್ಕು?

ಚಾಕುವಿಗೆ ಆಯಸ್ಕಾಂತ ಹಿಡಿದು, ಅಂಟದಿದ್ದರೆ ಅಸಲಿ ಸ್ಟೇನ್‌ಲೆಸ್ ಎಂದು ನಂಬುವ ರೂಢಿಯಿದೆ. ಪಾತ್ರೆಗಳ ಮಟ್ಟಿಗೆ ಇದು ಒಂದಿಷ್ಟು ಸರಿ. ಚಾಕುವಿನ ಮಟ್ಟಿಗೆ ಪೂರ್ತಿ ತಪ್ಪು. ಆಯಸ್ಕಾಂತಕ್ಕೆ ಅಂಟದ, ಪಾತ್ರೆಗಳಿಗೆ ಬಳಸುವ 304 ದರ್ಜೆಯ ಉಕ್ಕನ್ನು ಕಾಯಿಸಿ ಹದಗೊಳಿಸಿ ಗಡಸು ಮಾಡಲಾಗದು. ಅದರಿಂದ ಮಾಡಿದ ಅಲಗು ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ, ಎರಡು ದಿನ ಸಹ ಹರಿತ ಉಳಿಯುವುದಿಲ್ಲ. ಹರಿತ ಹಿಡಿಯುವ ಸ್ಟೇನ್‌ಲೆಸ್ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇ. 13ರ ಆಸುಪಾಸಿನಲ್ಲಿ ಕ್ರೋಮಿಯಂ ಜೊತೆಗೆ ತಕ್ಕಷ್ಟು ಇಂಗಾಲವೂ ಇರುತ್ತದೆ. ಅದು ಆಯಸ್ಕಾಂತಕ್ಕೆ ಚೆನ್ನಾಗಿಯೇ ಅಂಟುತ್ತದೆ. ಅಲಗಿನ ಮೇಲೆ 420 ಅಥವಾ 440 ಎಂಬ ದರ್ಜೆ ಮುದ್ರಿತವಾಗಿದ್ದರೆ ಈ ಬಗೆಯದೆಂದು ತಿಳಿಯಬಹುದು. ಆದರೆ ಮುದ್ರೆ ಹೊಡೆಯಲು ಯಾರಿಗೂ ಅಡ್ಡಿಯಿಲ್ಲವೆಂಬುದನ್ನೂ ಮರೆಯಬಾರದು.

ಮನೆಯಲ್ಲಿ ಮಾಡಬಹುದಾದ ನಂಬಿಕಾರ್ಹ ಪರೀಕ್ಷೆ ಅರದ್ದು. ಸಣ್ಣ, ಹೊಸ ಅರವನ್ನು ಅಲಗಿನ ಬುಡದ ಬಳಿ ಹಗುರವಾಗಿ ಎಳೆದಾಗ ಅದು ಸುಲಭವಾಗಿ ಕಚ್ಚಿ ಪುಡಿ ಉದುರಿಸಿದರೆ ಅಲಗು ಮೆದು. ಕಷ್ಟದಿಂದ ಕಚ್ಚಿದರೆ ಅಥವಾ ಜಾರಿದರೆ ಹದ ಸರಿಯಾಗಿದೆ.

ಸಾದಾ ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಬೆಲೆಯೂ ಕಡಿಮೆ. ಆದರೆ ಮಾವಿನ ಸೊನೆ, ನಿಂಬೆ, ಹುಣಸೆಹಣ್ಣುಗಳ ಹುಳಿಗೆ ಕಪ್ಪಾಗಿ, ಒದ್ದೆಯಿದ್ದರೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ನವಲಗುಂದ, ಕುಂದಗೋಳ, ಅಣ್ಣಿಗೇರಿಯಂತಹ ಒಣ ಎರೆ ಭೂಮಿಯಲ್ಲಿ ಕಡಲೆ, ಹತ್ತಿ, ಜೋಳ ಬೆಳೆಯುವವರು ಅದನ್ನು ಧೈರ್ಯವಾಗಿ ಆರಿಸಬಹುದು. ಮಾವು, ತರಕಾರಿ ಬೆಳೆಗಾರರಿಗೆ ಸ್ಟೇನ್‌ಲೆಸ್ ಅನುಕೂಲ.

ಮಡಿಸುವ ಚಾಕು ಬೇಡವಾದ ಕೆಲಸಗಳು

ಮಾವಿನ ಮೃದು ಕಾಂಡ ಕಸಿಗೆ ಕಸಿ ಚಾಕುವನ್ನೇ ಬಳಸಬೇಕು. ಚೀಲ, ಪೈಪು ಕತ್ತರಿಸಿದ ಅಲಗಿನಿಂದ ಕಸಿಕಡ್ಡಿ ಕೆತ್ತಿದರೆ ಮೇಲ್ಮೈ ಸಮನಾಗದೆ ಕಸಿ ಕೂಡುವುದಿಲ್ಲ.

ರೋಗದ ವಿಷಯ ಇನ್ನೂ ಗಂಭೀರವಾದದ್ದು. ದಾಳಿಂಬೆಯ ದುಂಡಾಣು ಅಂಗಮಾರಿ ರೋಗವು ಸವರುವ ಸಾಧನಗಳ ಮೂಲಕವೂ ಗಿಡದಿಂದ ಗಿಡಕ್ಕೆ ಹರಡುತ್ತದೆ. ಬಿತ್ತನೆ ಆಲೂಗಡ್ಡೆ ಹೋಳು ಮಾಡುವಾಗ ಕೊಳೆತ ಒಂದು ಗಡ್ಡೆಯಿಂದ ಚಾಕುವಿಗೆ, ಚಾಕುವಿನಿಂದ ಮುಂದಿನ ಗಡ್ಡೆಗಳಿಗೆ ರೋಗಾಣು ಸಾಗುತ್ತದೆ. ಇಂತಹ ಕೆಲಸದಲ್ಲಿ ಪ್ರತಿ ಗಿಡದ ನಂತರ, ಅಥವಾ ಕೊಳೆತ ಗಡ್ಡೆ ಕಂಡಾಗಲೆಲ್ಲ, ಅಲಗನ್ನು ಸೋಂಕುರಹಿತಗೊಳಿಸಬೇಕು. ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ ಒಂದು ಭಾಗಕ್ಕೆ ನಾಲ್ಕು ಭಾಗ ನೀರು ಬೆರೆಸಿದರೆ ಶೇ. 1ರ ದ್ರಾವಣ ಸಿದ್ಧವಾಗುತ್ತದೆ, ಶೇ. 70ರ ಸ್ಪಿರಿಟ್ ಸಹ ಆಗಬಹುದು, ಆದರೆ ಬೆಂಕಿಯಿಂದ ದೂರವಿಡಬೇಕು. ಮಡಿಸುವ ಚಾಕುವಿನ ತೊಂದರೆ ಇಲ್ಲಿಯೇ ಇದೆ: ಕೀಲಿನ ಸಂದಿಯಲ್ಲಿ ಸಿಕ್ಕಿಕೊಂಡ ಸೊನೆ, ಚೂರುಗಳಿಗೆ ದ್ರಾವಣ ತಲುಪುವುದಿಲ್ಲ. ಮೇಲಾಗಿ ಹೈಪೋಕ್ಲೋರೈಟ್ ಉಕ್ಕನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಕೂಡ ಚುಕ್ಕೆ ಚುಕ್ಕೆಯಾಗಿ ಸವೆಯುವುದರಿಂದ ಕೆಲಸ ಮುಗಿದೊಡನೆ ನೀರಿನಲ್ಲಿ ತೊಳೆದು ಒರೆಸಬೇಕು. ರೋಗವಿರುವ ತೋಟಕ್ಕೆ ಮಡಿಸದ, ಕೀಲಿಲ್ಲದ ಚಾಕುವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಉತ್ತಮ.

ಹಣ ಸಾಲದಿದ್ದರೆ ಕಂಬಾರರ ಬಳಿಗೆ

ಕೈಯಲ್ಲಿರುವ ಹಣಕ್ಕೆ ಗಟ್ಟಿ ಕೀಲಿನ ಚಾಕು ಸಿಗದಿದ್ದರೆ ಕೆಟ್ಟ ಮಡಿಸುವ ಚಾಕು ಕೊಳ್ಳುವ ಬದಲು ಊರಿನ ಕಂಬಾರರಿಂದ ಮಡಿಸದ ಸಣ್ಣ ಚಾಕು ಮಾಡಿಸಿಕೊಳ್ಳುವುದು ಜಾಣತನ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಹುಬ್ಬಳ್ಳಿ-ಧಾರವಾಡದಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಗೆ ಕೊರತೆಯಿಲ್ಲ. ಸುಮಾರು ಶೇ. 0.6 ಇಂಗಾಲವಿರುವ ಈ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಹಗುರವಾಗಿ ಕಾಯಿಸಿ ಹದ ಮಾಡಿದರೆ ಗಡಸುತನ, ತಾಳಿಕೆ ಎರಡೂ ಬರುತ್ತವೆ. ಕಬ್ಬಿಣದ ಸರಳು, ಮೆದು ಪಟ್ಟಿಗಳಿಂದ ಮಾಡಿದ್ದು ಹೀಗೆ ಬಾಳುವುದಿಲ್ಲವಾದ್ದರಿಂದ ಯಾವ ಕಬ್ಬಿಣವೆಂದು ಕೇಳಿಯೇ ಕೊಡಬೇಕು. ಜೊತೆಗೆ ಚರ್ಮದ ಅಥವಾ ಹಳೆಯ ಪಿ.ವಿ.ಸಿ. ಪೈಪನ್ನು ಕಾಯಿಸಿ ಚಪ್ಪಟೆ ಮಾಡಿದ ಒರೆ ಇರಲಿ. ಇಂತಹ ಚಾಕು ಮಡಚಿಕೊಂಡು ಬೆರಳು ಕೊಯ್ಯುವ ಪ್ರಶ್ನೆಯೇ ಇಲ್ಲ.

ಹರಿತ ಮತ್ತು ಆರೈಕೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಬದಿ ಒರಟು ಇನ್ನೊಂದು ಬದಿ ನಯವಾಗಿರುವ ಕಾರ್ಬೊರಂಡಂ ಸಾಣೆಕಲ್ಲು ಸಾಕು. ಅಲಗನ್ನು ಕಲ್ಲಿಗೆ ಸುಮಾರು 20 ಡಿಗ್ರಿ ಓರೆಯಲ್ಲಿ ಹಿಡಿಯಬೇಕು. ಈ ಓರೆಯನ್ನು ತಿಳಿಯಲು ಕಾಗದದ ಚೌಕ ಮೂಲೆಯನ್ನು ಒಮ್ಮೆ ಮಡಿಸಿದರೆ 45 ಡಿಗ್ರಿ, ಮತ್ತೊಮ್ಮೆ ಮಡಿಸಿದರೆ 22.5 ಡಿಗ್ರಿ ದೊರೆಯುತ್ತದೆ. ಆ ತ್ರಿಕೋನವನ್ನು ಕಲ್ಲಿನ ಮೇಲಿಟ್ಟು ಹೋಲಿಸಿಕೊಳ್ಳಬಹುದು. ಎರಡೂ ಬದಿಗೆ ಸಮನಾಗಿ ಮಸೆದು, ಕೊನೆಗೆ ಚರ್ಮದ ಬೆಲ್ಟಿನ ಒಳಬದಿಗೆ ಅಲಗಿನ ಬೆನ್ನು ಮುಂದಾಗಿ ಹತ್ತು ಬಾರಿ ಎಳೆಯಬೇಕು.

ವಿದ್ಯುತ್ ಸಾಣೆ ಯಂತ್ರಕ್ಕೆ ಕೊಡುವಾಗ ಎಚ್ಚರ ಬೇಕು. ಅಲಗಿನ ಅಂಚು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖ ಕಂಡಿದೆ, ಅಷ್ಟು ಭಾಗದ ಹದ ಹೋಗಿದೆ ಎಂದರ್ಥ. ಪ್ರತಿ ಎಳೆತಕ್ಕೆ ನೀರಿನಲ್ಲಿ ಅದ್ದುವವರ ಬಳಿಯೇ ಕೊಡಬೇಕು.

ಕೀಲಿಗೆ ಎಣ್ಣೆ ಹಾಕುವ ವಿಷಯದಲ್ಲಿ ನಮ್ಮ ಭಾಗದ ಒಂದು ರೂಢಿಯನ್ನು ಬಿಡಬೇಕಾಗಿದೆ. ಮನೆಯಲ್ಲಿ ಕೈಗೆ ಸಿಗುವ ಕುಸುಬೆ ಅಥವಾ ಅಗಸೆ ಎಣ್ಣೆಗಳೆರಡೂ ಗಾಳಿಗೆ ಒಣಗಿ ಅಂಟಾಗುವ ಗುಣದವು. ಅಗಸೆ ಎಣ್ಣೆಯನ್ನು ಬಣ್ಣ, ವಾರ್ನಿಶ್‌ಗೆ ಬಳಸುವುದು ಇದೇ ಕಾರಣಕ್ಕೆ. ಕೀಲಿಗೆ ಹಾಕಿದರೆ ಕೆಲವೇ ವಾರಗಳಲ್ಲಿ ಧೂಳು ಸೇರಿ ಅಲಗು ಕದಲದಂತಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಊಟಕ್ಕೂ ಬಳಸುವ ಚಾಕುವಾದರೆ ಕೊಬ್ಬರಿ ಎಣ್ಣೆ. ಎಣ್ಣೆಗೆ ಮೊದಲು ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೀಲನ್ನು ತೊಳೆದು, ತೆರೆದಿಟ್ಟು ಬಿಸಿಲಿಗೆ ಒಣಗಿಸಬೇಕು. ಕೀಟನಾಶಕದ ಪೊಟ್ಟಣ ಕತ್ತರಿಸಿದ ಚಾಕುವಿನಿಂದ ಊಟದ ಪದಾರ್ಥ ಹೆಚ್ಚಲೇಬಾರದು.

ಗಾಯ ಮತ್ತು ಕಾನೂನು

ಬೆರಳು ಕೊಯ್ದರೆ ಸಾಬೂನು ನೀರಿನಿಂದ ತೊಳೆದು, ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು, ಧನುರ್ವಾಯು ತಡೆಯುವ ಲಸಿಕೆಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮಣ್ಣು, ಸೆಗಣಿ ಹಚ್ಚುವುದು ಪ್ರಾಣಾಪಾಯಕಾರಿ. ಬೆರಳು ಮಡಿಸಲು ಬಾರದಿದ್ದರೆ ಸ್ನಾಯುರಜ್ಜು ತುಂಡಾಗಿರಬಹುದಾದ್ದರಿಂದ ಅದೇ ದಿನ ಆಸ್ಪತ್ರೆಗೆ ತೋರಿಸಬೇಕು.

1959ರ ಶಸ್ತ್ರಾಸ್ತ್ರ ಕಾಯಿದೆಯಡಿಯ 2016ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧಗಳ ವರ್ಗದಲ್ಲಿ ಸೇರಿಸಿ, ಗೃಹ ಮತ್ತು ಕೃಷಿ ಬಳಕೆಗೆ ರೂಪಿಸಿದವುಗಳನ್ನು ಅದರಿಂದ ಹೊರಗಿಟ್ಟಿವೆ. ಮೇಲೆ ಹೇಳಿದ ಅಳತೆಯ ಚಾಕು ಈ ಮಿತಿಗಿಂತ ಬಹಳ ಚಿಕ್ಕದು. ಹಾಗಿದ್ದರೂ ನಿಷೇಧಾಜ್ಞೆ ಜಾರಿಯಲ್ಲಿರುವಾಗ, ಮೆರವಣಿಗೆ, ನ್ಯಾಯಾಲಯ, ವಿಮಾನ ನಿಲ್ದಾಣಗಳಿಗೆ ಹೋಗುವಾಗ ಅದನ್ನು ಮನೆಯಲ್ಲಿಯೇ ಬಿಡಬೇಕು.

ವರ್ಷಗಟ್ಟಲೆ ಮಸೆದ ಅಲಗು ಸವೆಯುತ್ತ ಬಂದಂತೆ ಅದರ ತುದಿ ಮೇಲಕ್ಕೆ ಸರಿದು, ಮಡಿಸಿದಾಗ ಹಿಡಿಕೆಯಿಂದ ಹೊರಗೆ ಇಣುಕತೊಡಗುತ್ತದೆ. ಕಿಸೆಯಲ್ಲಿ ಕೈ ಹಾಕಿದಾಗ ಬೆರಳಿಗೆ ತಾಗುವ ಮೊದಲೇ ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಆ ಚಾಕುವನ್ನು ದನದ ಕೊಟ್ಟಿಗೆಯಲ್ಲಿ ಹಗ್ಗ ಕೊಯ್ಯಲು, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಮೊಳೆಗೆ ತೂಗುಹಾಕಿ ಇನ್ನೂ ಕೆಲವು ವರ್ಷ ಬಳಸಬಹುದು.