ಅವಧಿಗೆ ಮೊದಲೇ ಮನೆ ಬಿಡುವಾಗ: ಬಾಡಿಗೆದಾರರೂ ಮಾಲೀಕರೂ ತಿಳಿಯಬೇಕಾದ್ದು



ಬಾಡಿಗೆ ಮನೆಗೆ ಹೋಗುವ ದಿನ ಎಲ್ಲರೂ ನಗುನಗುತ್ತಾ ಮಾತಾಡುತ್ತಾರೆ. "ನಮ್ಮೋರೇ ಅಲ್ವಾ, ಕಾಗದ ಎಲ್ಲ ಯಾಕೆ ಬಿಡಿ" ಅನ್ನುತ್ತಾರೆ. ಮನೆ ಬಿಡುವ ದಿನ ಮಾತು ಬೇರೆ. ಅದರಲ್ಲೂ ಒಪ್ಪಿದ ಅವಧಿ ಮುಗಿಯುವ ಮೊದಲೇ ಬಿಡಬೇಕಾದರೆ ಅದೇ ಬಾಗಿಲಲ್ಲಿ ಜಗಳ ಶುರುವಾಗುತ್ತದೆ.

ಮೈಸೂರಿನಲ್ಲಿ ಇಂಥ ಸಂದರ್ಭಗಳು ಸಾಮಾನ್ಯ. ಹೆಬ್ಬಾಳ ಅಥವಾ ಹೂಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸ ಮುಗಿಯುತ್ತದೆ, ಬೆಂಗಳೂರಿಗೆ ವರ್ಗವಾಗುತ್ತದೆ, ಊರಲ್ಲಿ ತಂದೆತಾಯಿಗೆ ಕಾಯಿಲೆಯಾಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಎಷ್ಟೋ ಕುಟುಂಬಗಳು ಅವಧಿಯ ನಡುವೆಯೇ ಸಾಮಾನು ಕಟ್ಟಬೇಕಾಯಿತು. ಇನ್ನೊಂದು ಕಡೆ, ಮನೆ ಕೊಟ್ಟವರೆಲ್ಲ ಶ್ರೀಮಂತರೂ ಅಲ್ಲ. ಮಹಡಿ ಮೇಲಿನ ಒಂದು ಮನೆಯ ಬಾಡಿಗೆಯಲ್ಲೇ ಜೀವನ ಮಾಡುವ ವಿಧವೆಯರು, ನಿವೃತ್ತರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆಷಾಢ ಬಂತೆಂದರೆ ಯಾರೂ ಮನೆ ಬದಲಾಯಿಸುವುದಿಲ್ಲ. ಆಗ ಖಾಲಿಯಾದ ಮನೆಗೆ ಟು-ಲೆಟ್ ಬೋರ್ಡು ತಿಂಗಳುಗಟ್ಟಲೆ ನೇತಾಡುತ್ತದೆ. ಆದ್ದರಿಂದ ಎರಡೂ ಕಡೆಯ ಕಷ್ಟ ನೋಡಿಯೇ ಈ ವಿಷಯ ತಿಳಿಸುತ್ತಿದ್ದೇವೆ.

ಬಾಡಿಗೆ ಬೇರೆ, ಭೋಗ್ಯ ಬೇರೆ

ನಮ್ಮ ಊರಲ್ಲಿ ಎರಡು ಪದ್ಧತಿಗಳಿವೆ. ಒಂದು, ಅಡ್ವಾನ್ಸ್ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟುವುದು. ಇನ್ನೊಂದು, ದೊಡ್ಡ ಮೊತ್ತವನ್ನು ಒಂದೇ ಸಲ ಮಾಲೀಕರ ಕೈಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸವಿದ್ದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುವುದು. ಇದನ್ನೇ ಜನ 'ಲೀಸ್' ಅಥವಾ 'ಭೋಗ್ಯ' ಅನ್ನುತ್ತಾರೆ.

ಬಾಡಿಗೆ ಮನೆಯಲ್ಲಿ ಜಗಳ ಅಡ್ವಾನ್ಸ್ ಬಗ್ಗೆ. ಭೋಗ್ಯದಲ್ಲಿ ಮಾತ್ರ ಒಡವೆ ಮಾರಿ, ಚೀಟಿ ಎತ್ತಿ, ಸಂಘದಲ್ಲಿ ಸಾಲ ಮಾಡಿ ಕೂಡಿಸಿದ ಹಣವೇ ಪಣಕ್ಕಿರುತ್ತದೆ. ಆ ಹಣವನ್ನು ಮಾಲೀಕರು ಮಗಳ ಮದುವೆಗೋ ಹಳೆಯ ಸಾಲಕ್ಕೋ ಆಗಲೇ ಖರ್ಚು ಮಾಡಿರುತ್ತಾರೆ. ಮಧ್ಯದಲ್ಲಿ ಕೇಳಿದರೆ "ಹೊಸಬ್ರು ಬಂದ್ಮೇಲೆ ಕೊಡ್ತೀನಿ" ಅನ್ನುತ್ತಾರೆ. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಗಾದೆ ಹುಟ್ಟಿದ್ದೇ ಇಂಥ ಕಡೆ.

ಯಾವ ಕಾನೂನು ಅನ್ವಯಿಸುತ್ತದೆ?

ಕರ್ನಾಟಕ ಬಾಡಿಗೆ ಕಾಯಿದೆ 1999 ಎಂಬುದೊಂದಿದೆ. ಆದರೆ ದೊಡ್ಡ ನಗರಗಳಲ್ಲೂ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ಹೊರಗಿಟ್ಟಿದೆ. ಹೀಗಾಗಿ ಇಂದಿನ ಬಹುಪಾಲು ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು ನೀವೇ ಸಹಿ ಹಾಕಿದ ಕರಾರುಪತ್ರ, ಇವೆರಡೇ ಆಧಾರ.

ಕರಾರಿನಲ್ಲಿ "ಯಾರೇ ಬಿಡಿಸುವುದಾದರೂ ಬಿಡುವುದಾದರೂ ಎರಡು ತಿಂಗಳ ಮುಂಚೆ ತಿಳಿಸಬೇಕು" ಎಂದಿದ್ದರೆ ಅದೇ ನಿಯಮ. ಹಾಗೆ ತಿಳಿಸಿ ಹೊರಟರೆ ಅದು ಕರಾರು ಮುರಿದಂತೆ ಆಗುವುದೇ ಇಲ್ಲ. ಏನೂ ಬರೆದಿಲ್ಲವಾದರೆ ವಾಸದ ಮನೆಯನ್ನು ತಿಂಗಳ ಬಾಡಿಗೆಯ ಮನೆ ಎಂದು ಕಾನೂನು ಭಾವಿಸುತ್ತದೆ. ಆಗ 106ನೇ ಕಲಮಿನಂತೆ ಯಾವ ಕಡೆಯವರಾದರೂ 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಒಪ್ಪಂದ ಮುಗಿಸಬಹುದು. ಫೋನಿನಲ್ಲಿ ಹೇಳಿದರೆ ಸಾಲದು. ಸಹಿ ಹಾಕಿದ ಪತ್ರವಿರಬೇಕು, ಅದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳುವುದು ಒಳ್ಳೆಯದು.

ಇಲ್ಲೊಂದು ಸೂಕ್ಷ್ಮವಿದೆ. ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. 11 ತಿಂಗಳಿಗೆ ಅಗ್ರಿಮೆಂಟ್ ಮಾಡುವ ರೂಢಿ ಬಂದದ್ದೇ ಇದರಿಂದ ತಪ್ಪಿಸಿಕೊಳ್ಳಲು. "ಮೂರು ವರ್ಷ" ಎಂದು ಛಾಪಾ ಕಾಗದದಲ್ಲಿ ಬರೆದು ನೋಂದಾಯಿಸದೇ ಬಿಟ್ಟರೆ ಆ ಮೂರು ವರ್ಷಕ್ಕೆ ಕಾನೂನಿನ ಬಲವಿಲ್ಲ. ಅದು ತಿಂಗಳ ಬಾಡಿಗೆಯಂತೆಯೇ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಹೇಳಿದೆ. ಇದು ಎರಡು ಅಲುಗಿನ ಕತ್ತಿ. ಬಾಡಿಗೆದಾರ ಸುಲಭವಾಗಿ ಬಿಟ್ಟು ಹೋಗಬಹುದು, ಮಾಲೀಕರೂ ಅಷ್ಟೇ ಸುಲಭವಾಗಿ ಬಿಡಿ ಎನ್ನಬಹುದು.

ಅಡ್ವಾನ್ಸ್ ಪೂರ್ತಿ ಮುರಿದುಕೊಳ್ಳಬಹುದೇ?

"ಅವಧಿಗೆ ಮುಂಚೆ ಬಿಟ್ಟರೆ ಅಡ್ವಾನ್ಸ್ ವಾಪಸ್ ಇಲ್ಲ" ಎಂಬ ಸಾಲು ಅನೇಕ ಅಗ್ರಿಮೆಂಟುಗಳಲ್ಲಿರುತ್ತದೆ. ಅಲ್ಲಿಗೆ ಎಲ್ಲಾ ಮುಗೀತು ಎಂದು ಜನ ಸುಮ್ಮನಾಗುತ್ತಾರೆ. ಹಾಗಲ್ಲ. 1872ರ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ ಹೀಗೆ ಬರೆದ ದಂಡದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸವಾದ ಪರಿಹಾರವಷ್ಟೇ ಸಲ್ಲುತ್ತದೆ. ಕೈಯಲ್ಲಿರುವ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ಇದೇ ನಿಯಮ ಎಂದು ಸುಪ್ರೀಂ ಕೋರ್ಟ್ 1963ರಲ್ಲೇ ತೀರ್ಪು ಕೊಟ್ಟಿದೆ. ಅಲ್ಲದೆ 73ನೇ ಕಲಮಿನಂತೆ, ನಷ್ಟ ಕಡಿಮೆ ಮಾಡಿಕೊಳ್ಳಲು ಏನು ದಾರಿಯಿತ್ತು ಎಂಬುದನ್ನೂ ನೋಡಬೇಕು.

ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ಬಾಡಿಗೆ 8,000 ರೂ., ಅಡ್ವಾನ್ಸ್ 50,000 ರೂ., ಅವಧಿ 11 ತಿಂಗಳು. ಬಾಡಿಗೆದಾರರು ಏಳನೇ ತಿಂಗಳ ಕೊನೆಗೆ ಖಾಲಿ ಮಾಡಿದರು. ಮನೆ ಒಂದು ತಿಂಗಳು ಖಾಲಿಯಿದ್ದು, ಒಂಬತ್ತನೇ ತಿಂಗಳಿಗೆ ಅದೇ ಬಾಡಿಗೆಗೆ ಹೊಸಬರು ಬಂದರು. ಮಾಲೀಕರು ಉಳಿದ ನಾಲ್ಕು ತಿಂಗಳ 32,000 ರೂ. ಕೇಳುವುದು ನ್ಯಾಯವೇ? ಅವರಿಗೆ ನಿಜವಾಗಿ ಆದ ನಷ್ಟ ಒಂದು ತಿಂಗಳ 8,000 ರೂ. ಅದರ ಜೊತೆ ಒಪ್ಪಿದ ಪೇಂಟಿಂಗ್ ಖರ್ಚು, ಬಾಕಿ ಬಿಲ್ಲು ಇದ್ದರೆ ಅದು. ಉಳಿದದ್ದು ಬಾಡಿಗೆದಾರರ ಹಣ. ಅದೇ ರೀತಿ ಮನೆ ನಿಜವಾಗಿಯೂ ಮೂರು ತಿಂಗಳು ಖಾಲಿ ಬಿದ್ದಿದ್ದರೆ, "ಒಂದು ಪೈಸೆಯೂ ಹಿಡೀಬೇಡಿ" ಎಂದು ಬಾಡಿಗೆದಾರರು ಹಟ ಮಾಡುವುದೂ ನ್ಯಾಯವಲ್ಲ.

ಭೋಗ್ಯದ ಹಣಕ್ಕೆ ಭದ್ರತೆ ಏನು?

ಭೋಗ್ಯಪತ್ರವನ್ನು ಅದರ ಒಕ್ಕಣೆ ನೋಡಿ ಕೋರ್ಟು ಗುತ್ತಿಗೆ ಎಂದೂ ತಿಳಿಯಬಹುದು, ಭೋಗ್ಯ ಅಡಮಾನ ಎಂದೂ ತಿಳಿಯಬಹುದು. ಭೋಗ್ಯ ಅಡಮಾನವೆಂದು ಬರೆದು ನೋಂದಾಯಿಸಿದ್ದರೆ, ಕೊಟ್ಟ ಹಣ ವಾಪಸ್ ಬರುವ ತನಕ ಮನೆಯನ್ನು ಸ್ವಾಧೀನದಲ್ಲಿ ಇಟ್ಟುಕೊಳ್ಳುವ ಹಕ್ಕು ಸಿಗುತ್ತದೆ. ನೋಂದಣಿಗೆ ಖರ್ಚು ಬರುವುದು ನಿಜ. ಆದರೆ ಐದಾರು ಲಕ್ಷ ಕೊಡುವಾಗ ಆ ಖರ್ಚನ್ನು ಉಳಿಸಲು ಹೋಗಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯ ಬ್ಯಾಂಕಿನ ಸಾಲದ್ದು. ಮಾಲೀಕರು ಆ ಮನೆಯ ಮೇಲೆ ಮೊದಲೇ ಸಾಲ ತೆಗೆದು ಕಂತು ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯಿದೆಯಡಿ ಬ್ಯಾಂಕ್ ಮನೆಯನ್ನು ವಶಪಡಿಸಿಕೊಳ್ಳಬಹುದು. ಆಗ ಅವಧಿ ಮುಗಿಯುವ ಮೊದಲೇ ಭೋಗ್ಯದಾರರ ಕುಟುಂಬ ಬೀದಿಗೆ ಬರುತ್ತದೆ, ಹಣ ಮಾಲೀಕರ ಹತ್ತಿರ ಉಳಿಯುತ್ತದೆ. ಬೇರೆ ಒಪ್ಪಂದವಿಲ್ಲದಿದ್ದರೆ, ಅಡವಿಟ್ಟ ಮನೆಯನ್ನು ಬಾಡಿಗೆಗೆ ಕೊಡುವ ಮಾಲೀಕರು ದೊಡ್ಡ ಇಡಿಗಂಟನ್ನಾಗಲಿ ಮುಂಗಡ ಬಾಡಿಗೆಯನ್ನಾಗಲಿ ಪಡೆಯಕೂಡದು ಎಂದು ಸ್ವತ್ತು ವರ್ಗಾವಣೆ ಕಾಯಿದೆಯ 65ಎ ಕಲಮು ಹೇಳುತ್ತದೆ. ಅಂದರೆ ಅಡವಿಟ್ಟ ಮನೆಯನ್ನು ಬ್ಯಾಂಕಿನ ಒಪ್ಪಿಗೆ ಇಲ್ಲದೆ ಭೋಗ್ಯಕ್ಕೆ ಪಡೆದವರ ನೆಲೆ ಬಹಳ ದುರ್ಬಲ.

ಆದ್ದರಿಂದ ಹಣ ಕೊಡುವ ಮೊದಲು ಉಪನೋಂದಣಾಧಿಕಾರಿ ಕಚೇರಿಯಿಂದ ಅಥವಾ 'ಕಾವೇರಿ' ಆನ್‌ಲೈನ್ ಸೇವೆಯಿಂದ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ ನೋಡಿ. ಆಮೇಲೆ ಮೂಲ ಕ್ರಯಪತ್ರ ತೋರಿಸಲು ಕೇಳಿ. ಬರೀ ಜೆರಾಕ್ಸ್ ತೋರಿಸಿದರೆ ಮೂಲ ಪತ್ರ ಎಲ್ಲಿದೆ ಎಂದು ವಿಚಾರಿಸಿ. ಬ್ಯಾಂಕಿನಲ್ಲಿ ಇರಬಹುದು. ಕೇಳಲು ಸಂಕೋಚ ಬೇಡ.

ಮಾಲೀಕರೇ ಮೊದಲೇ ಬಿಡಿಸಿದರೆ?

"ಮಗನ ಮದುವೆ, ಮನೆ ಬೇಕು" ಎಂದು ಮಾಲೀಕರು ಮಧ್ಯದಲ್ಲಿ ಕೇಳಬಹುದು. ಕರಾರಿನಂತೆ ನೋಟಿಸ್ ಕೊಟ್ಟು ಕೇಳುವುದು ಅವರ ಹಕ್ಕು. ಆದರೆ ಬೀಗ ಹಾಕುವುದು, ಸಾಮಾನು ಹೊರಗೆ ಎಸೆಯುವುದು, ನೀರು ಕರೆಂಟು ನಿಲ್ಲಿಸುವುದು ಸರಿಯಲ್ಲ. ಒಪ್ಪದ ಬಾಡಿಗೆದಾರರನ್ನು ಕೋರ್ಟಿನ ಮೂಲಕವೇ ಬಿಡಿಸಬೇಕು. ಕಾನೂನುಕ್ರಮವಿಲ್ಲದೆ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಆರು ತಿಂಗಳು ದಾಟಿದರೆ ಈ ದಾರಿ ಮುಚ್ಚುತ್ತದೆ.

ನಾವು ಹೇಳುವ ಕಿವಿಮಾತು

1. ಸೇರುವ ದಿನವೇ ಬಿಡುವ ದಿನದ ಮಾತನ್ನು ಬರೆಸಿ: ಎಷ್ಟು ತಿಂಗಳ ನೋಟಿಸ್, ಎಷ್ಟು ಹಣ ಹಿಡಿಯಬಹುದು, ಉಳಿದದ್ದು ಎಷ್ಟು ದಿನದೊಳಗೆ ವಾಪಸ್.

2. ಹಣವನ್ನು ಚೆಕ್ ಅಥವಾ ಬ್ಯಾಂಕ್ ಖಾತೆಯ ಮೂಲಕವೇ ಕೊಡಿ. ನಗದು ಕೊಡಲೇಬೇಕಾದರೆ ಸಹಿ ಮಾಡಿದ ರಸೀದಿ ತೆಗೆದುಕೊಳ್ಳಿ.

3. "ಅಡ್ವಾನ್ಸ್‌ನಲ್ಲೇ ಮುರ್ಕೊಳ್ಳಿ" ಎಂದು ಹೇಳಿ ಬಾಡಿಗೆ ನಿಲ್ಲಿಸಬೇಡಿ. ಮಾಲೀಕರು ಒಪ್ಪಿದರೆ ಬರವಣಿಗೆಯಲ್ಲಿ ಪಡೆಯಿರಿ.

4. ಮಧ್ಯದಲ್ಲಿ ಬಿಡಬೇಕಾದರೆ ಬೇಗ ತಿಳಿಸಿ, ಹೊಸ ಬಾಡಿಗೆದಾರರನ್ನು ಹುಡುಕಲು ನೀವೂ ಸಹಾಯ ಮಾಡಿ. ಮನೆ ತೋರಿಸಲು ಮಾಲೀಕರಿಗೆ ಅವಕಾಶ ಕೊಡಿ.

5. ಬಿಡುವ ದಿನ ಸೆಸ್ಕ್ ಕರೆಂಟ್ ಬಿಲ್ಲು, ವಾಣಿವಿಲಾಸ ನೀರಿನ ಬಿಲ್ಲು ಕಟ್ಟಿದ ರಸೀದಿ ಜೊತೆಯಲ್ಲಿರಲಿ. ಗೋಡೆ, ನಲ್ಲಿ, ಸ್ವಿಚ್‌ಗಳ ಫೋಟೋ ತೆಗೆದುಕೊಳ್ಳಿ.

6. ಭೋಗ್ಯವಾದರೆ, ಬೀಗದ ಕೈ ಕೊಡುವುದೂ ಹಣ ಪಡೆಯುವುದೂ ಒಂದೇ ಹೊತ್ತಿಗೆ ಎಂದು ಪತ್ರದಲ್ಲೇ ಬರೆಸಿ, ಹಾಗೇ ನಡೆದುಕೊಳ್ಳಿ.

7. ಮಾಲೀಕರೇ, ಭೋಗ್ಯದ ಹಣ ನಿಮ್ಮ ಸಂಪಾದನೆಯಲ್ಲ, ವಾಪಸ್ ಕೊಡಬೇಕಾದ ಸಾಲ. ಅದರ ಒಂದು ಭಾಗವನ್ನಾದರೂ ಬ್ಯಾಂಕಿನಲ್ಲಿ ಇಟ್ಟಿರಿ.

ಮಾತು ಮುರಿದರೆ ಎಲ್ಲಿಗೆ ಹೋಗಬೇಕು?

ಮೊದಲು ಇಬ್ಬರಿಗೂ ಬೇಕಾದ ಹಿರಿಯರ ಎದುರು ಕುಳಿತು ಲೆಕ್ಕ ಮಾಡಿ, ಆದ ತೀರ್ಮಾನವನ್ನು ಬರೆದು ಸಹಿ ಹಾಕಿ. ಅದು ಆಗದಿದ್ದರೆ ಮೈಸೂರಿನ ನ್ಯಾಯಾಲಯ ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಮತ್ತು ಕಡಿಮೆ ಆದಾಯದವರಿಗೆ 1987ರ ಕಾಯಿದೆಯಂತೆ ಉಚಿತ ಕಾನೂನು ನೆರವು ಸಿಗುತ್ತದೆ. 15100 ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು. ದಾವೆ ಹೂಡುವ ಮುಂಚೆಯೇ ವಿವಾದವನ್ನು ಲೋಕ ಅದಾಲತ್‌ಗೆ ತರಬಹುದು. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. "ಇವತ್ತು ನಾಳೆ" ಅನ್ನುವ ಮಾತು ನಂಬಿ ಅದನ್ನು ಕಳೆದುಕೊಳ್ಳಬೇಡಿ.

ನಂಬಿಕೆ ಬೇಕು, ನಿಜ. ಆದರೆ ಕಾಗದ ಮಾಡಿಸುವುದು ಅಪನಂಬಿಕೆಯಲ್ಲ. ಇಬ್ಬರ ಮನಸ್ಸೂ ತಿಳಿಯಾಗಿರುವಾಗ ಬರೆದ ನಾಲ್ಕು ಸಾಲು, ಮನಸ್ಸು ಕೆಟ್ಟ ದಿನ ಇಬ್ಬರನ್ನೂ ಕಾಪಾಡುತ್ತದೆ. ಈ ಕರಪತ್ರವನ್ನು ಓದಿದ ಮೇಲೆ ನಿಮ್ಮ ಸಂಘದ ಸಭೆಯಲ್ಲಿ ಇತರರಿಗೂ ಓದಿ ಹೇಳಿ. ಮನೆ ಹುಡುಕುತ್ತಿರುವವರು ಯಾರಾದರೂ ಇದ್ದರೆ ಅವರ ಕೈಗೇ ಕೊಡಿ.