ಹಳೇ ಟಾಟಾ ಏಸ್ ಸ್ಪೀಡ್ ಏರ್ತಿಲ್ವಾ? ಪಂಪಿನ ಸೀಲ್ ಮುಟ್ಟೋಕೆ ಮುಂಚೆ ಮುಂದಿನ ಚಕ್ರ ನೋಡಿ

ಅಡಿಕೆ ಕೊಯ್ಲು ಶುರುವಾಯ್ತು ಅಂದ್ರೆ ಚನ್ನಗಿರಿ ಕಡೆ ಹಳೇ ಟಾಟಾ ಏಸ್‌ಗಳಿಗೆ ಬಿಡುವೇ ಇರಲ್ಲ. ತೋಟದಿಂದ ಹಸಿ ಗೊನೆ ಖೇಣಿದಾರರ ಕಣಕ್ಕೆ, ಒಣಗಿದ ಅಡಿಕೆ ಮಂಡಿಗೆ. ಹೊನ್ನಾಳಿ, ನ್ಯಾಮತಿಯಲ್ಲಿ ಭತ್ತ, ಮೆಕ್ಕೆಜೋಳ. ಜಗಳೂರಿನಲ್ಲಿ ಮೆಕ್ಕೆಜೋಳದ ಜೊತೆಗೆ ಈರುಳ್ಳಿ. ಊರಿನ ಕಿರಾಣಿ ಅಂಗಡಿಗೆ ದಾವಣಗೆರೆಯಿಂದ ಮಾಲು ಬರೋದೂ ಇದೇ ಗಾಡೀಲಿ.

ಇಂಥ ಗಾಡಿ ಗ್ಯಾರೇಜಿಗೆ ಬಂದಾಗ ಸಾಮಾನ್ಯವಾಗಿ ಕೇಳೋ ಮಾತು ಎರಡು. ಒಂದು, "ಸ್ಟೇರಿಂಗ್ ಒಂದ್ಕಡೆ ಎಳೀತದೆ". ಇನ್ನೊಂದು, "ಐವತ್ತರ ಮೇಲೆ ಏರ್ತಾನೇ ಇಲ್ಲ, ಪಂಪ್ ಸ್ವಲ್ಪ ತಿರುವಿಕೊಡಣ್ಣ". ಎರಡೂ ಬೇರೆ ಬೇರೆ ರೋಗ ಅಂದ್ಕೊಂಡಿರ್ತೀವಿ. ಎಷ್ಟೋ ಸಲ ಎರಡಕ್ಕೂ ಮೂಲ ಮುಂದಿನ ಚಕ್ರದಲ್ಲೇ ಇರುತ್ತೆ. ಅದನ್ನ ಬಿಟ್ಟು ಪಂಪಿಗೆ ಕೈ ಹಾಕಿದ್ರೆ ಎಳೆಯೋ ಗಾಡಿಗೆ ಇನ್ನಷ್ಟು ವೇಗ ಕೊಟ್ಟ ಹಾಗಾಯ್ತು.

2005ರಲ್ಲಿ ಬಂದ ಮೊದಲ ಏಸ್‌ನಲ್ಲಿ ಇದ್ದದ್ದು 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್. ಶಕ್ತಿ ಸುಮಾರು 16 ಹಾರ್ಸ್‌ಪವರ್. ಇವತ್ತಿನ 350 ಸಿಸಿ ಬುಲೆಟ್ ಬೈಕಿಗೇ ಅದಕ್ಕಿಂತ ಜಾಸ್ತಿ ಇದೆ. ಅಷ್ಟು ಶಕ್ತಿಯಲ್ಲಿ ಮುಕ್ಕಾಲು ಟನ್ ಹೊರೋ ಗಾಡಿಗೆ ಎಲ್ಲೇ ಸ್ವಲ್ಪ ಹಿಡಿತ ಬಿದ್ರೂ ಸ್ಪೀಡಿನಲ್ಲಿ ಗೊತ್ತಾಗಿಬಿಡುತ್ತೆ.

ಅಲೈನ್‌ಮೆಂಟ್ ಅಂದ್ರೆ ಇಲ್ಲಿ ಮುಖ್ಯವಾಗಿ ಒಂದೇ ಅಳತೆ. ಹಳೇ ಏಸ್‌ನ ಮುಂಭಾಗ ಕಾರಿನ ಥರ ಅಲ್ಲ, ಲಾರಿ ಥರ: ಈ ಕಡೆಯಿಂದ ಆ ಕಡೆಗೆ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಕಮಾನ್ ಪ್ಲೇಟು, ಎರಡೂ ತುದೀಲಿ ಕಿಂಗ್ ಪಿನ್. ಚಕ್ರ ಒಳಗೆ ಹೊರಗೆ ವಾಲೋದು, ಕಿಂಗ್ ಪಿನ್ ಹಿಂದಕ್ಕೆ ಬಾಗಿರೋದು, ಇವೆಲ್ಲ ಕಂಪನಿಯಲ್ಲೇ ಕೂತಿರೋ ಅಳತೆ. ಸ್ಪಾನರ್ ಹಿಡಿದು ನಾವು ಹೆಚ್ಚು ಕಡಿಮೆ ಮಾಡಬಹುದಾದ್ದು 'ಟೋ' ಮಾತ್ರ. ಎರಡೂ ಚಕ್ರದ ಮುಂದಿನ ಅಂಚಿನ ನಡುವಿನ ಅಂತರ, ಹಿಂದಿನ ಅಂಚಿನ ನಡುವಿನ ಅಂತರ, ಇವೆರಡರ ವ್ಯತ್ಯಾಸವೇ ಟೋ. ಸಾಮಾನ್ಯವಾಗಿ ಮುಂದಿನದು ಒಂದೆರಡು ಮಿಲಿಮೀಟರ್ ಕಡಿಮೆ ಇರುತ್ತೆ. ನಿಮ್ಮ ಮಾಡೆಲ್ಲಿನ ಸರಿಯಾದ ಲೆಕ್ಕ ಸರ್ವಿಸ್ ಪುಸ್ತಕದಲ್ಲಿ ಇರುತ್ತೆ, ಅದನ್ನೇ ಇಟ್ಕೊಳ್ಳಿ.

"ನಾಲ್ಕೈದು ಮಿಲಿಮೀಟರ್ ಏನ್ ಮಹಾ?" ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಏಸ್‌ನ 145 ಆರ್ 12 ಟೈರಿನ ಎತ್ತರ ಸುಮಾರು 54 ಸೆಂ.ಮೀ. ಟೋ 6 ಮಿ.ಮೀ. ಇದ್ರೆ ಒಂದೊಂದು ಟೈರೂ ಪ್ರತಿ ಕಿಲೋಮೀಟರಿಗೆ ಹೆಚ್ಚು ಕಡಿಮೆ ಐದೂವರೆ ಮೀಟರ್ ಅಡ್ಡಕ್ಕೆ ಉಜ್ಜಿಕೊಂಡೇ ಹೋಗುತ್ತೆ. ಹೊನ್ನಾಳಿಯಿಂದ ಶಿವಮೊಗ್ಗ ಸುಮಾರು 40 ಕಿ.ಮೀ. ಒಂದು ಸಲ ಹೋಗೋದ್ರೊಳಗೆ 220 ಮೀಟರ್ ಟೈರನ್ನ ಅಡ್ಡಡ್ಡ ಎಳೆದ ಹಾಗೆ. ಟೈರ್ ಸವೆಯೋದೂ ಇಲ್ಲೇ, ಡೀಸೆಲ್ ಹೋಗೋದೂ ಇಲ್ಲೇ, ಆ 16 ಹಾರ್ಸ್‌ಪವರಿನಲ್ಲಿ ಒಂದು ಪಾಲು ಸೋರೋದೂ ಇಲ್ಲೇ.

ಟೈರನ್ನ ಕೈಯಿಂದ ಸವರಿ ನೋಡಿದ್ರೆ ಅರ್ಧ ವಿಷಯ ಗೊತ್ತಾಗುತ್ತೆ. ಅಡ್ಡಕ್ಕೆ ಸವರಿದಾಗ ಒಂದು ದಿಕ್ಕಿನಲ್ಲಿ ನುಣ್ಣಗೆ, ವಾಪಸ್ ಬರುವಾಗ ಗರಗಸದ ಥರ ಚುಚ್ಚಿದ್ರೆ ಟೋ ಕೆಟ್ಟಿದೆ ಅಂತ. ಎರಡೂ ಟೈರಿನ ಹೊರ ಅಂಚು ಸವೆದಿದ್ರೆ ಚಕ್ರ ಒಳಮುಖ ಜಾಸ್ತಿ ಆಗಿದೆ, ಒಳ ಅಂಚು ಸವೆದಿದ್ರೆ ಹೊರಮುಖ. ಒಂದೇ ಟೈರು ಒಂದೇ ಅಂಚಿನಲ್ಲಿ ಬೋಳಾಗಿದ್ರೆ ಕಿಂಗ್ ಪಿನ್ ಸವೆದಿರಬಹುದು, ಗುಂಡಿಗೆ ಬಿದ್ದು ಆಕ್ಸಲ್ ಬಾಗಿದ್ರೂ ಇರಬಹುದು. ಎರಡೂ ಅಂಚು ಹೋಗಿ ನಡುವೆ ಗೆರೆ ಉಳಿದಿದ್ರೆ ಗಾಳಿ ಕಡಿಮೆ ಇಲ್ಲಾ ಲೋಡ್ ಜಾಸ್ತಿ. ಇದಕ್ಕೆ ಯಾವ ಮೆಷಿನ್ನೂ ಬೇಡ, ಪಂಚರ್ ಅಂಗಡಿ ಹುಡುಗರೇ ಹೇಳ್ತಾರೆ.

ಎಲ್ಲರೂ ಮಾಡೋ ತಪ್ಪು ಅಂದ್ರೆ ಸೀದಾ ಟೈ ರಾಡ್ ತಿರುವೋದು. ಜಾಯಿಂಟುಗಳಲ್ಲಿ ಪ್ಲೇ ಇಟ್ಕೊಂಡು ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದ್ರೂ ಮೊದಲ ಗುಂಡಿಗೇ ಅದು ಹೋಯ್ತು. ಹಾಗಾಗಿ ಮೊದಲು ನಾಲ್ಕೂ ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ, ಎಡ ಬಲ ಸಮ. ಆಮೇಲೆ ಸಮತಟ್ಟು ಜಾಗದಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮುಂದೆ ಜ್ಯಾಕ್ ಹಾಕಿ. ಬರೀ ಜ್ಯಾಕ್ ನಂಬಬೇಡಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದ್ರೆ ಒಬ್ಬರಿಗೆ ಬ್ರೇಕ್ ತುಳಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ತುಳಿದಾಗ ಅಲ್ಲಾಡೋದು ನಿಂತ್ರೆ ಬೇರಿಂಗ್, ನಿಲ್ಲದೇ ಇದ್ರೆ ಕಿಂಗ್ ಪಿನ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಪ್ಲೇ ಬಂದ್ರೆ ಟೈ ರಾಡ್ ಎಂಡ್.

ಕಿಂಗ್ ಪಿನ್ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ಅದಕ್ಕೆ ಗ್ರೀಸ್ ನಿಪ್ಪಲ್ ಇರುತ್ತೆ, ಅದು ಇರೋದು ಗ್ರೀಸ್ ಹೊಡೆಯೋಕೆ. ಬಿಳಿಚೋಡು ಕಡೆ ಮಣ್ಣಿನ ರಸ್ತೇಲಿ ಧೂಳು ಕುಡಿಯೋ ಗಾಡಿ, ಮಳೆಗಾಲದಲ್ಲಿ ತೋಟದ ಕೆಸರಿಗೆ ಇಳಿಯೋ ಗಾಡಿ, ಇವಕ್ಕೆ ಪುಸ್ತಕದಲ್ಲಿ ಇರೋ ಕಿಲೋಮೀಟರ್ ತನಕ ಕಾಯಬಾರದು. ಹಳೇ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣೋವರೆಗೂ ಹೊಡೆಯಿರಿ.

ಕಮಾನ್ ಪ್ಲೇಟನ್ನೂ ನೋಡಿ. ಅದರ ಸೆಂಟರ್ ಬೋಲ್ಟ್ ಮುರಿದಿದ್ರೆ ಆಕ್ಸಲ್ ಒಂದು ಕಡೆ ಹಿಂದಕ್ಕೆ ಜರುಗಿರುತ್ತೆ, ಗಾಡಿ ಎಳೆಯೋದಕ್ಕೆ ಅದೊಂದೇ ಸಾಕು. ಪತ್ತೆ ಮಾಡೋದು ಸುಲಭ: ಸ್ಟೇರಿಂಗ್ ನೇರ ಇಟ್ಟು ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಟೇಪ್ ಹಿಡಿಯಿರಿ. ಎಡಕ್ಕೂ ಬಲಕ್ಕೂ ಅಳತೆ ಒಂದೇ ಇರಬೇಕು.

ಇಷ್ಟೆಲ್ಲ ಸರಿ ಇದ್ದ ಮೇಲೆ ಟೋ. ಎರಡೂ ಟೈರಿನ ಮುಂದುಗಡೆ, ಹಬ್ಬಿನ ಎತ್ತರಕ್ಕೆ, ಪಟ್ಟಿಯ ನಡುವೆ ಸೀಮೆಸುಣ್ಣದ ಗುರುತು ಹಾಕಿ ಅಂತರ ಅಳೆದು ಬರೆದುಕೊಳ್ಳಿ. ಗಾಡಿಯನ್ನ ಮುಂದಕ್ಕೆ ತಳ್ಳಿ ಅದೇ ಗುರುತು ಹಿಂದುಗಡೆ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಅದೇ ಗುರುತನ್ನ ಎರಡು ಸಲ ಅಳೆಯೋದ್ರಿಂದ ರಿಮ್ ಸ್ವಲ್ಪ ಸೊಟ್ಟ ಇದ್ರೂ ಲೆಕ್ಕ ತಪ್ಪಲ್ಲ. ಟೈ ರಾಡಿನ ಎರಡೂ ಲಾಕ್ ನಟ್ ಸಡಿಲಿಸಿ ರಾಡನ್ನ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಗಾಡಿ ಹಿಂದೆ ಮುಂದೆ ಉರುಳಿಸಿ, ಮತ್ತೆ ಅಳೆದು ನಟ್ ಬಿಗಿ ಮಾಡಿ. ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿದ್ರೆ ಇನ್ನೂ ಒಳ್ಳೇದೇ. ಆದ್ರೆ ಮೆಷಿನ್ನಿಗೆ ಹತ್ತಿಸೋ ಮುಂಚೆ ಪ್ಲೇ ನೋಡಿದ್ರಾ ಅಂತ ಕೇಳಿ.

ಇನ್ನು ಸ್ಪೀಡ್. ಮುಂದಿನ ಚಕ್ರ ಸರಿಹೋದ ಮೇಲೂ ಗಾಡಿ ಏರಲ್ಲ ಅಂದ್ರೆ ಒಂದೊಂದೇ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗದೇ ಇದ್ರೆ ಬ್ರೇಕ್ ಹಿಡ್ಕೊಂಡಿದೆ. ಹಿಂದಿನದಾದ್ರೆ ಹ್ಯಾಂಡ್‌ಬ್ರೇಕ್ ಕೇಬಲ್ಲೂ ನೋಡಿ. ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಡೀಸೆಲ್ ಫಿಲ್ಟರಿನಲ್ಲಿ ನೀರು ನಿಂತಿದ್ರೆ ಬಿಡಿ. ಒಬ್ಬರು ಆಕ್ಸಿಲೇಟರ್ ಪೂರ್ತಿ ತುಳಿದಾಗ ಪಂಪಿನ ಲಿವರ್ ಕೊನೇ ತನಕ ಹೋಗುತ್ತಾ ನೋಡಿ, ಕೇಬಲ್ ಜೋತು ಬಿದ್ದು ಮುಕ್ಕಾಲಕ್ಕೇ ನಿಲ್ಲೋ ಗಾಡಿಗಳು ಕಮ್ಮಿ ಇಲ್ಲ. ಏರು ಹತ್ತುವಾಗ ಎಂಜಿನ್ ಕೂಗು ಏರಿದ್ರೂ ಗಾಡಿ ಓಡದಿದ್ರೆ ಕ್ಲಚ್ ಜಾರ್ತಿದೆ.

ಇಷ್ಟು ಮಾಡದೇ ಪಂಪಿನ ಸ್ಕ್ರೂ ತಿರುವೋ ಚಾಳಿ ಇದೆಯಲ್ಲ, ಅದರ ಬಗ್ಗೆ ನೇರ ಹೇಳಬೇಕು. ಆ ಸ್ಕ್ರೂಗೆ ಸೀಲ್ ಹಾಕಿರೋದು ಸುಮ್ಮನೆ ಅಲ್ಲ. ಎಂಜಿನ್ ಎಷ್ಟು ಸುತ್ತು ತಡೆಯುತ್ತೋ ಅಷ್ಟಕ್ಕೆ ನಿಲ್ಲಿಸೋದೇ ಗವರ್ನರ್ ಕೆಲಸ. ತಿರುವಿದ್ರೆ ಕೆಲವು ದಿನ ಖುಷಿ, ಆಮೇಲೆ ಕಪ್ಪು ಹೊಗೆ, ಬೇರಿಂಗ್, ಕೊನೆಗೆ ಎಂಜಿನ್ ಕೆಲಸ. ಹಿಂದೆ ದೊಡ್ಡ ಟೈರ್ ಹಾಕೋದೂ ಅಷ್ಟೇ: ಸ್ಪೀಡೋಮೀಟರ್ ಸುಳ್ಳು ಹೇಳುತ್ತೆ, ಏರಿನಲ್ಲಿ ಎಳೆತ ಹೋಗುತ್ತೆ. ಬ್ರೇಕ್ ಮಾತ್ರ ಹಳೇದೇ. 60ರಲ್ಲಿ ನಿಲ್ಲೋ ಗಾಡಿಗೆ 75ರಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲೋಕೆ ಒಂದೂವರೆ ಪಟ್ಟಿಗಿಂತ ಹೆಚ್ಚು ಜಾಗ ಬೇಕು. ಕೊಯ್ಲಿನ ಆಳುಗಳನ್ನ ಹಿಂದೆ ಕೂರಿಸ್ಕೊಂಡು ಹೋಗೋದು ಕಾನೂನಿಗೆ ವಿರುದ್ಧ, ಆದ್ರೂ ದಿನಾ ಬೆಳಗ್ಗೆ ಕಣ್ಣಿಗೆ ಬೀಳುತ್ತೆ. ಎಳೆಯೋ ಸ್ಟೇರಿಂಗ್, ತಿರುವಿದ ಪಂಪ್, ಹಿಂದೆ ಹತ್ತು ಜನ: ಒಂದು ಟೈರ್ ಒಡೆದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಲಾಭವಾದ್ರೂ ಎಷ್ಟು? 40 ಕಿ.ಮೀ. ದಾರಿಗೆ 50ರಲ್ಲಿ 48 ನಿಮಿಷ, 60ರಲ್ಲಿ 40 ನಿಮಿಷ. ನಡುವೆ ಹಂಪು, ಊರು, ಕುರಿ ಹಿಂಡು ಸಿಕ್ಕಿದ್ರೆ ಆ ಎಂಟು ನಿಮಿಷವೂ ಇಲ್ಲ. ಅಲ್ಲದೆ ಡಿವೈಡರ್ ಇಲ್ಲದ ನಮ್ಮ ರಸ್ತೆಗಳಲ್ಲಿ ಗೂಡ್ಸ್ ಗಾಡಿಗೆ 2018ರಲ್ಲಿ ಕೇಂದ್ರ ಸರ್ಕಾರ ಇಟ್ಟ ಗರಿಷ್ಠ ಮಿತಿಯೇ 60, ಮೂರು ಚಕ್ರದ್ದಕ್ಕೆ 50. ಅನುಮತಿ ಇಲ್ಲದೆ ಗಾಡಿಯ ಮೂಲ ರೂಪ ಬದಲಿಸಿದ್ರೆ ಮೋಟಾರು ವಾಹನ ಕಾಯ್ದೆ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂ. ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಲಗೇಜ್ ಆಟೋದವರಿಗೆ: ನಿಮ್ಮ ಗಾಡಿಗೆ ಮುಂದೆ ಒಂದೇ ಚಕ್ರ, ಹಾಗಾಗಿ ಟೋ ಅನ್ನೋದೇ ಇಲ್ಲ. ಎಳೆದ್ರೆ ಹಿಂದಿನ ಎರಡು ಟೈರಿನ ಗಾಳಿ, ಒಂದು ಕಡೆ ಹಿಡ್ಕೊಂಡಿರೋ ಬ್ರೇಕ್, ಮುಂದಿನ ಫೋರ್ಕಿನ ಬುಷ್ ಮತ್ತು ಬೇರಿಂಗ್ ನೋಡಿಸಿ.

ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಹೇಗೂ ದಾವಣಗೆರೆಗೆ ಹೋಗಲೇಬೇಕಲ್ಲ, ಅದಕ್ಕೆ ಹದಿನೈದು ದಿನ ಮುಂಚೆ ಕಿಂಗ್ ಪಿನ್, ಟೈ ರಾಡ್, ಬ್ರೇಕ್ ಕೆಲಸ ಮುಗಿಸಿಕೊಂಡು ನಾಲ್ಕು ಟ್ರಿಪ್ ಓಡಿಸಿ ನೋಡಿ. ಟೈರ್ ಅದಲು ಬದಲು ಮಾಡೋದಿದ್ರೆ ಅದನ್ನೂ ಅದೇ ದಿನ ಮಾಡಿಸಿಬಿಡಿ.