ಹುಲಿ ಹೆಚ್ಚಿತು, ಕಾಡು ಹೆಚ್ಚಲಿಲ್ಲ: ಏರುವ ಸಂಖ್ಯೆಗೆ ನಿಸರ್ಗ ಎಳೆಯುವ ಗೆರೆ

ರಾಜ್ಯದ ಕಾಡುಗಳಲ್ಲಿ 2010ರಲ್ಲಿ 300 ಹುಲಿಗಳಿವೆ ಎಂದು ಅಂದಾಜಿಸಲಾಗಿತ್ತು. 2014ರಲ್ಲಿ ಈ ಸಂಖ್ಯೆ 406ಕ್ಕೆ, 2018ರಲ್ಲಿ 524ಕ್ಕೆ, 2022ರ ಗಣತಿಯಲ್ಲಿ 563ಕ್ಕೆ ಏರಿತು. ಆ ಗಣತಿಯಲ್ಲಿ ಮಧ್ಯಪ್ರದೇಶವನ್ನು ಬಿಟ್ಟರೆ ದೇಶದಲ್ಲೇ ಅತಿ ಹೆಚ್ಚು ಹುಲಿಗಳಿದ್ದುದು ಕರ್ನಾಟಕದಲ್ಲಿ. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಪ್ರತಿ ಬಾರಿ ಅಂಕಿ-ಅಂಶ ಹೊರಬಿದ್ದಾಗಲೂ ಸಂಭ್ರಮ ಮೂಡಿದ್ದು ಸಹಜವೇ.

ಆದರೆ 2025 ಸಂಭ್ರಮದ ವರ್ಷವಾಗಿರಲಿಲ್ಲ. ಜೂನ್‌ನಲ್ಲಿ ಮಲೆಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು. ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಜನರ ಆಕ್ರೋಶದ ನಡುವೆ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ಸ್ಥಗಿತಗೊಳಿಸಲಾಯಿತು.

ಹಾಗಾದರೆ ಹುಲಿಗಳು ಅತಿಯಾದವೇ? ಇನ್ನೂ ಎಷ್ಟು ಹೆಚ್ಚಬಹುದು? ಹೆಚ್ಚಿದ ಹುಲಿಗಳು ಹೋಗುವುದಾದರೂ ಎಲ್ಲಿಗೆ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಜೀವಿಗಳ ಸಂಖ್ಯೆ ಏರುವುದು ಹೇಗೆ, ನಿಲ್ಲುವುದು ಎಲ್ಲಿ ಎಂಬ ಮೂಲ ಲೆಕ್ಕಕ್ಕೇ ಹೋಗಬೇಕು.

ಏರಿಕೆಯ ಗಣಿತ

ಹುಲಿ ನಿಧಾನವಾಗಿ ಹೆಚ್ಚುವ ಪ್ರಾಣಿಯಲ್ಲ. ಗರ್ಭಾವಧಿ ಕೇವಲ ಮೂರೂವರೆ ತಿಂಗಳು. ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿಗಳು. ಮರಿಗಳು ಸುಮಾರು ಎರಡು ವರ್ಷ ತಾಯಿಯ ಜೊತೆಗಿದ್ದು ನಂತರ ಬೇರೆಯಾಗುತ್ತವೆ. ತಾಯಿ ಮತ್ತೆ ಗರ್ಭ ಧರಿಸುತ್ತದೆ.

ಲೆಕ್ಕಕ್ಕಾಗಿ ಹೀಗೆ ಊಹಿಸೋಣ. ರಾಜ್ಯದ 563 ಹುಲಿಗಳು ಪ್ರತಿ ವರ್ಷ ಶೇಕಡಾ 20ರಷ್ಟು ಹೆಚ್ಚುತ್ತ ಹೋದರೆ ನಾಲ್ಕು ವರ್ಷ ತುಂಬುವ ಮೊದಲೇ ಅವು ಇಮ್ಮಡಿಯಾಗುತ್ತವೆ. ನಲವತ್ತು ವರ್ಷಗಳಲ್ಲಿ 8 ಲಕ್ಷ ದಾಟುತ್ತವೆ. ಅಂದರೆ ಊರು, ಹೊಲ, ಕೆರೆಗಳನ್ನೂ ಸೇರಿಸಿ ಕರ್ನಾಟಕದ ಪ್ರತಿ ಚದರ ಕಿಲೋಮೀಟರಿಗೆ ನಾಲ್ಕು ಹುಲಿ! ಚಕ್ರಬಡ್ಡಿಯಲ್ಲಿ ಸಾಲ ಬೆಳೆಯುವಂತೆ ಇಲ್ಲಿಯೂ ಬಡ್ಡಿ ಅಸಲಿಗೆ ಸೇರುತ್ತದೆ. ಹುಟ್ಟಿದ ಮರಿಗಳೂ ಮರಿ ಹಾಕುತ್ತವೆ.

ಬಹು ನಿಧಾನವಾಗಿ ಹೆಚ್ಚುವ ಆನೆಯ ವಿಷಯದಲ್ಲೂ ಇದು ನಿಜ. ಜೀವವಿಕಾಸ ಸಿದ್ಧಾಂತದ ಚಾರ್ಲ್ಸ್ ಡಾರ್ವಿನ್, 1859ರಲ್ಲಿ ಮೊದಲು ಪ್ರಕಟವಾದ ತನ್ನ ಪ್ರಸಿದ್ಧ ಕೃತಿಯ ನಂತರದ ಆವೃತ್ತಿಯಲ್ಲಿ ಈ ಲೆಕ್ಕ ಕೊಟ್ಟಿದ್ದಾನೆ. ಒಂದೇ ಜೋಡಿ ಆನೆಯ ಸಂತಾನವೆಲ್ಲ ಬದುಕಿ ಉಳಿದರೆ ಸುಮಾರು 750 ವರ್ಷಗಳಲ್ಲಿ ಅವು 1.9 ಕೋಟಿಯಷ್ಟಾಗುತ್ತವೆ. ಹಾಗೆ ಆಗಿಲ್ಲ ಎಂಬುದು ಕಣ್ಣೆದುರಿಗಿರುವ ಸತ್ಯ. ಹುಟ್ಟಿದ್ದೆಲ್ಲ ಉಳಿಯುವುದಿಲ್ಲ. ಉಳಿಯದಂತೆ ತಡೆಯುವುದು ಯಾವುದು ಎಂಬುದೇ ಪ್ರಶ್ನೆ.

ವಾರಕ್ಕೊಂದು ಬೇಟೆ

ಹುಲಿಯ ವಿಷಯದಲ್ಲಿ ಈ ಪ್ರಶ್ನೆಗೆ ಖಚಿತ ಉತ್ತರ ದೊರೆತದ್ದು ನಮ್ಮದೇ ನಾಗರಹೊಳೆಯಲ್ಲಿ. ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿ ದಶಕಗಳ ಕಾಲ ನಡೆಸಿದ ಅಧ್ಯಯನ ಈ ಲೆಕ್ಕವನ್ನು ಸರಳವಾಗಿ ಮುಂದಿಡುತ್ತದೆ.

ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಹೆಚ್ಚುಕಡಿಮೆ ವಾರಕ್ಕೊಂದು ಬೇಟೆ. ಬೇಟೆಗೀಡಾಗುವ ಪ್ರಾಣಿಗಳ ಸಂಖ್ಯೆ ಕುಸಿಯದೆ ಉಳಿಯಬೇಕಾದರೆ ಹುಲಿ ವರ್ಷಕ್ಕೆ ಅವುಗಳಲ್ಲಿ ಹತ್ತನೇ ಒಂದು ಪಾಲನ್ನಷ್ಟೇ ತೆಗೆಯಬಹುದು. ಆದ್ದರಿಂದ ಒಂದು ಹುಲಿಯ ಹಿಂದೆ ಸುಮಾರು 500 ಜಿಂಕೆ, ಕಡವೆ, ಕಾಟಿ, ಕಾಡುಹಂದಿಗಳ ಬಳಗ ಇರಬೇಕು. ಆ ಬಳಗಕ್ಕೆ ಹುಲ್ಲು, ಚಿಗುರು, ನೀರು ಬೇಕು. ಹೀಗೆ ಹುಲಿಯ ಸಂಖ್ಯೆಯನ್ನು ಕೊನೆಗೆ ನಿರ್ಧರಿಸುವುದು ಹುಲ್ಲು.

ಹುಲಿ ತನ್ನ ನೆಲೆಯ ಗಡಿಯನ್ನು ಹಾಕಿಕೊಳ್ಳುವುದೂ ಇದೇ ಲೆಕ್ಕದ ಮೇಲೆ. ಬೇಟೆ ಸಮೃದ್ಧವಾಗಿರುವ ನಾಗರಹೊಳೆಯಲ್ಲಿ ಹೆಣ್ಣು ಹುಲಿಗೆ 15ರಿಂದ 20 ಚದರ ಕಿಲೋಮೀಟರ್ ಸಾಕಾದೀತು. ಜಿಂಕೆಗಳು ವಿರಳವಾಗಿರುವ ರಷ್ಯಾದ ಪೂರ್ವ ತುದಿಯ ಹಿಮಾವೃತ ಕಾಡಿನಲ್ಲಿ ಅದೇ ಹೆಣ್ಣು ಹುಲಿಗೆ ಸುಮಾರು 400 ಚದರ ಕಿಲೋಮೀಟರ್ ಬೇಕಾಗುತ್ತದೆ. ಪ್ರಾಣಿ ಅದೇ, ಹಸಿವೂ ಅದೇ. ಬೇರೆಯಾಗಿರುವುದು ಬೇಟೆಯ ಸಾಂದ್ರತೆ ಮಾತ್ರ.

ಒಂದು ಪ್ರದೇಶ ದೀರ್ಘಕಾಲ ಪೋಷಿಸಬಲ್ಲ ಜೀವಿಗಳ ಗರಿಷ್ಠ ಸಂಖ್ಯೆಯನ್ನು ವಿಜ್ಞಾನಿಗಳು ಆ ಪ್ರದೇಶದ ಧಾರಣಾ ಸಾಮರ್ಥ್ಯ ಎನ್ನುತ್ತಾರೆ. ಬೆಲ್ಜಿಯಂನ ಗಣಿತಜ್ಞ ವೆರ್ಹಲ್ಸ್ಟ್ 1838ರಲ್ಲಿಯೇ ಇದರ ಸೂತ್ರವನ್ನು ಬರೆದಿಟ್ಟ. ಸಂಖ್ಯೆ ಕಡಿಮೆಯಿದ್ದಾಗ ಏರಿಕೆ ನಿಧಾನ, ನಡುವೆ ಅತಿ ವೇಗ, ಮಿತಿ ಸಮೀಪಿಸಿದಂತೆ ಮತ್ತೆ ನಿಧಾನ. ಕಾಗದದ ಮೇಲೆ ಬರೆದರೆ ಅದು ಮಲಗಿಸಿ ಎಳೆದಂತಹ ವಕ್ರರೇಖೆ. ರಾಜ್ಯದ ಅಂಕಿಗಳೂ ಈ ರೇಖೆಯನ್ನು ನೆನಪಿಸುತ್ತವೆ. 2014ರಿಂದ 2018ರವರೆಗೆ 118 ಹುಲಿಗಳು ಹೆಚ್ಚಿದರೆ, ನಂತರದ ನಾಲ್ಕು ವರ್ಷಗಳಲ್ಲಿ ಹೆಚ್ಚಿದ್ದು 39 ಮಾತ್ರ. ಗಣತಿಯ ವ್ಯಾಪ್ತಿ, ವಿಧಾನಗಳು ಬದಲಾಗುತ್ತ ಬಂದಿರುವುದರಿಂದ ಇಷ್ಟರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಆದರೆ ಸೂಚನೆಯನ್ನು ಕಡೆಗಣಿಸುವಂತೆಯೂ ಇಲ್ಲ.

ಐದರಲ್ಲಿ ಒಂದಕ್ಕಿಂತ ಹೆಚ್ಚು ನಷ್ಟ

ನಾಗರಹೊಳೆಯಲ್ಲಿ 1991ರಿಂದ 2000ದವರೆಗೆ ಕಾರಂತರ ತಂಡ ಕ್ಯಾಮೆರಾಗಳನ್ನು ಅಡಗಿಸಿಟ್ಟು, ಮೈಮೇಲಿನ ಪಟ್ಟೆಗಳ ಆಧಾರದ ಮೇಲೆ 74 ಹುಲಿಗಳನ್ನು ಒಂದೊಂದಾಗಿ ಗುರುತಿಸಿತು. ಬೆರಳಚ್ಚಿನಂತೆ ಪ್ರತಿ ಹುಲಿಯ ಪಟ್ಟೆಯೂ ಬೇರೆ. 2006ರಲ್ಲಿ ಪ್ರಕಟವಾದ ಈ ಅಧ್ಯಯನದ ಫಲಿತಾಂಶ ಅನೇಕರ ನಂಬಿಕೆಗೆ ವಿರುದ್ಧವಾಗಿತ್ತು.

ಒಂದು ವರ್ಷ ಕಂಡ ಹುಲಿ ಮರುವರ್ಷವೂ ಅಲ್ಲಿ ಬದುಕಿ ಉಳಿಯುವ ಸಾಧ್ಯತೆ ಶೇಕಡಾ 77ರಷ್ಟಿತ್ತು. ಅಂದರೆ ಸಾವಿನಿಂದಲೋ ವಲಸೆಯಿಂದಲೋ ವರ್ಷಕ್ಕೆ ಶೇಕಡಾ 23ರಷ್ಟು ಹುಲಿಗಳು ಅಲ್ಲಿಂದ ಕಾಣೆಯಾಗುತ್ತಿದ್ದವು. ಆದರೂ ಒಟ್ಟು ಸಂಖ್ಯೆ ಕುಸಿಯಲಿಲ್ಲ. ಏರಿಳಿತಗಳ ನಡುವೆಯೂ ಸರಾಸರಿ ವರ್ಷಕ್ಕೆ ಶೇಕಡಾ 3ರಷ್ಟು ಹೆಚ್ಚುತ್ತಲೇ ಇತ್ತು. ಹೋದವುಗಳ ಜಾಗವನ್ನು ಹೊಸ ಹುಲಿಗಳು ತುಂಬುತ್ತಿದ್ದವು.

ಆರೋಗ್ಯವಂತ ಕಾಡಿನ ಲಕ್ಷಣವೇ ಇದು. ಅಲ್ಲಿ ಮುದಿ ಹುಲಿಯನ್ನು ಎಳೆಯ ಹುಲಿ ಓಡಿಸುತ್ತದೆ. ಹೊಸ ಗಂಡು ನೆಲೆ ಗೆದ್ದಾಗ ಹಳೆಯ ಗಂಡಿನ ಮರಿಗಳನ್ನು ಕೊಲ್ಲುವುದುಂಟು. ಕಾದಾಟದ ಗಾಯ ಕೀವುಗಟ್ಟಿ ಬೇಟೆಯಾಡಲಾಗದೆ ಎಷ್ಟೋ ಹುಲಿಗಳು ಸಾಯುತ್ತವೆ. ನೋಡಲು ಕ್ರೂರವಾದರೂ ಮಿತಿ ತಲುಪಿದ ಕಾಡು ತನ್ನ ಲೆಕ್ಕವನ್ನು ಸರಿದೂಗಿಸುವುದು ಹೀಗೆಯೇ. ಆದ್ದರಿಂದ ಪ್ರತಿಯೊಂದು ಹುಲಿಯ ಸಾವೂ ಸಂರಕ್ಷಣೆಯ ಸೋಲಲ್ಲ. ಆದರೆ ವಿಷ, ಉರುಳು, ಗುಂಡುಗಳಿಂದಾಗುವ ಸಾವು ಈ ಲೆಕ್ಕಕ್ಕೆ ಸೇರುವುದಿಲ್ಲ. ಮರಿ ಹಾಕುವ ಹೆಣ್ಣುಗಳು ಹೀಗೆ ಬಲಿಯಾಗತೊಡಗಿದರೆ ನಷ್ಟವನ್ನು ತುಂಬುವ ಶಕ್ತಿಯೇ ಕುಂದುತ್ತದೆ.

ಕಡಿವಾಣವೇ ಇಲ್ಲದಿದ್ದರೆ?

ಬೇಟೆಗಾರ ಪ್ರಾಣಿಯೇ ಇಲ್ಲದ, ಹೊರಗೆ ಹೋಗಲೂ ದಾರಿಯಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಅಲಾಸ್ಕಾ ಬಳಿಯ ಸೇಂಟ್ ಮ್ಯಾಥ್ಯೂ ದ್ವೀಪ ಪ್ರಸಿದ್ಧ ಉದಾಹರಣೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಅಲ್ಲಿದ್ದ ಅಮೆರಿಕದ ಸಿಬ್ಬಂದಿಗೆ ತುರ್ತು ಆಹಾರವಾಗಲೆಂದು 29 ಹಿಮಸಾರಂಗಗಳನ್ನು ತಂದು ಬಿಡಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಸಿಬ್ಬಂದಿ ಹೊರಟುಹೋದರು, ಸಾರಂಗಗಳು ಉಳಿದವು.

ದ್ವೀಪದ ತುಂಬ ಮೇವು. ತೋಳವಿಲ್ಲ, ಬೇಟೆಗಾರನಿಲ್ಲ. 1963ರ ಹೊತ್ತಿಗೆ 29 ಇದ್ದದ್ದು 6,000 ಆಯಿತು. ಚಳಿಗಾಲಕ್ಕೆ ಆಸರೆಯಾಗಿದ್ದ, ಬಹು ನಿಧಾನವಾಗಿ ಬೆಳೆಯುವ ಕಲ್ಲುಹೂವನ್ನು ಅವು ಬುಡಸಮೇತ ಮೇದು ಮುಗಿಸಿದ್ದವು. ಆಮೇಲೆ ಬಂದದ್ದು ಕಠಿಣ ಚಳಿಗಾಲ. 1966ರಲ್ಲಿ ಎಣಿಸಿದಾಗ ಉಳಿದಿದ್ದವು 42 ಮಾತ್ರ. ಕೊನೆಗೆ ಸಂತತಿಯೇ ಅಳಿಯಿತು.

ಅಲ್ಲಿ ಮಿತಿ ಇರಲಿಲ್ಲವೆಂದಲ್ಲ. ಅದನ್ನು ಮೊದಲೇ ತಿಳಿಸುವ ಯಾವುದೂ ಇರಲಿಲ್ಲ, ಅಷ್ಟೆ. ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಮೂರೂ ಸೇರಿ ಜಿಂಕೆಗಳಿಗೆ ಮಾಡುವ ಕೆಲಸವನ್ನು ಅಲ್ಲಿ ಹಸಿವು ಒಂದೇ ಬಾರಿಗೆ ಮಾಡಿ ಮುಗಿಸಿತು.

ಗೆರೆ ಸರಿಯುತ್ತಲೇ ಇರುತ್ತದೆ

ಧಾರಣಾ ಸಾಮರ್ಥ್ಯ ಎಂಬುದು ಕಲ್ಲಿನಲ್ಲಿ ಕೊರೆದ ಅಂಕಿಯಲ್ಲ. ಬರ, ಕಾಳ್ಗಿಚ್ಚು, ರೋಗ ಅದನ್ನು ಕುಗ್ಗಿಸುತ್ತವೆ. ಹಳ್ಳಿಗರು ದೊಡ್ಡರೋಗ ಎನ್ನುತ್ತಿದ್ದ ಜಾನುವಾರುಗಳ ರಿಂಡರ್‌ಪೆಸ್ಟ್ 1968ರಲ್ಲಿ ಬಂಡೀಪುರ ಸೀಮೆಯ ಕಾಡಿಗೂ ಹಬ್ಬಿ ಕಾಟಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡಿತ್ತು. ಲಸಿಕೆಯ ಫಲವಾಗಿ ಆ ರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಊರಿನ ದನಕ್ಕೆ ಹಾಕಿದ ಲಸಿಕೆ ಕಾಡಿನ ಕಾಟಿಯನ್ನೂ, ಅದನ್ನು ನಂಬಿದ ಹುಲಿಯನ್ನೂ ಕಾಯಿತು.

ಈಗಿನ ಆತಂಕ ಲಂಟಾನದ್ದು. ಬಂಡೀಪುರದಲ್ಲಿ ವಿಸ್ತಾರವಾಗಿ ಹಬ್ಬಿರುವ ಈ ಪೊದೆಯ ಕೆಳಗೆ ಹುಲ್ಲು ಬೆಳೆಯುವುದು ಕಷ್ಟ. ನಕಾಶೆಯಲ್ಲಿ ಕಾಡು ಒಂದಿಂಚೂ ಕಡಿಮೆಯಾಗದಿದ್ದರೂ ಮೇವು ಕಡಿಮೆಯಾದರೆ ಜಿಂಕೆಯ ಪಾಲಿಗೆ, ಹಾಗಾಗಿ ಹುಲಿಯ ಪಾಲಿಗೆ, ಕಾಡು ಚಿಕ್ಕದಾದಂತೆಯೇ.

ಇದಕ್ಕೆ ಪ್ರತಿಯಾಗಿ ಉತ್ತರ ಕನ್ನಡದ ಕಾಳಿ ಹುಲಿ ರಕ್ಷಿತಾರಣ್ಯವನ್ನು ನೋಡಬಹುದು. ಕಾಡು ವಿಶಾಲವಾಗಿಯೇ ಇದೆ, ಹುಲಿಗಳು ಮಾತ್ರ ಬಂಡೀಪುರಕ್ಕೆ ಹೋಲಿಸಿದರೆ ತೀರ ಕಡಿಮೆ. ನಿತ್ಯಹರಿದ್ವರ್ಣದ ದಟ್ಟ ಕಾಡಿನಲ್ಲಿ ಹುಲ್ಲು ಕಡಿಮೆ. ಹಾಗಾಗಿ ಜಿಂಕೆ, ಕಡವೆಗಳೂ ಕಡಿಮೆ. ಹಿಂದಿನಿಂದ ನಡೆದು ಬಂದ ಬೇಟೆಯೂ ಅವುಗಳನ್ನು ತಗ್ಗಿಸಿದೆ. ಹಸಿರು ಕಂಡಲ್ಲೆಲ್ಲ ಹುಲಿ ಬೆಳೆಯದು.

ಹೆಚ್ಚುವರಿ ಹುಲಿಗಳ ದಾರಿ

ಮಿತಿ ತಲುಪಿದ ಕಾಡಿನಲ್ಲೂ ಮರಿಗಳು ಹುಟ್ಟುವುದು ನಿಲ್ಲುವುದಿಲ್ಲ. ಎರಡು ವರ್ಷ ದಾಟಿದ ಎಳೆಯ ಹುಲಿಗೆ ಒಳಗೆ ಜಾಗವಿಲ್ಲ, ಅಂಚಿಗೆ ಬರುತ್ತದೆ. ಗಾಯಗೊಂಡ, ಮುದಿಯಾದ ಹುಲಿಯೂ ಅಲ್ಲಿಗೇ ಬರುತ್ತದೆ. ಸರಗೂರು, ಎಚ್.ಡಿ. ಕೋಟೆ, ಹುಣಸೂರು, ಗುಂಡ್ಲುಪೇಟೆ ತಾಲ್ಲೂಕುಗಳ ಹೊಲ, ಕೊಡಗಿನ ಕಾಫಿ ತೋಟ ಶುರುವಾಗುವುದು ಕಾಡು ಮುಗಿದಲ್ಲಿಯೇ. ಅಲ್ಲಿ ಕಟ್ಟಿದ ದನ ಜಿಂಕೆಗಿಂತ ಸುಲಭದ ತುತ್ತು. ಕಾಡಿನೊಳಗೆ ನಿಸರ್ಗ ಎಳೆದ ಗೆರೆಯ ಬೆಲೆಯನ್ನು ಹೊರಗೆ ಒಂದೆರಡು ಹಸು ಸಾಕಿಕೊಂಡ ಕುಟುಂಬ ತೆರುತ್ತಿದೆ.

ದಾರಿ ಇದ್ದರೆ ಹುಲಿ ದೂರ ಹೋಗಬಲ್ಲದು ಎಂಬುದಕ್ಕೂ ಪುರಾವೆಯಿದೆ. ಬಂಡೀಪುರದಲ್ಲಿ ಕ್ಯಾಮೆರಾಗೆ ಸಿಕ್ಕಿದ್ದ ಗಂಡು ಹುಲಿಯೊಂದು 2011ರಲ್ಲಿ ಸುಮಾರು 280 ಕಿಲೋಮೀಟರ್ ದೂರದ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಪತ್ತೆಯಾಯಿತು. ಪಟ್ಟೆಗಳನ್ನು ಹೋಲಿಸಿದಾಗ ಅದೇ ಹುಲಿಯೆಂಬುದು ಖಚಿತವಾಯಿತು. ತೋಟ, ರಸ್ತೆ, ಊರುಗಳ ನಡುವೆ ಉಳಿದಿರುವ ಕಾಡಿನ ತುಣುಕುಗಳೇ ಅದಕ್ಕೆ ಆಸರೆಯಾಗಿರಬೇಕು. ಆ ತುಣುಕುಗಳನ್ನು ಕಡಿದುಹಾಕಿದರೆ ಬಂಡೀಪುರ, ನಾಗರಹೊಳೆಗಳೂ ನೆಲದ ಮೇಲಿನ ದ್ವೀಪಗಳಾಗುತ್ತವೆ.

ಹುಲಿಗಳು ಅತಿಯಾದವೇ ಎಂಬ ಪ್ರಶ್ನೆಗೆ ಹಾಗಾಗಿ ಒಂದೇ ಮಾತಿನ ಉತ್ತರವಿಲ್ಲ. ಕೆಲವು ಕಾಡುಗಳು ತುಂಬುತ್ತ ಬಂದಿವೆ. ಇನ್ನು ಕೆಲವು ಬರಿದಾಗಿವೆ. ತುಂಬಿದ ಕಡೆ ಸಂಖ್ಯೆಯನ್ನು ಇನ್ನಷ್ಟು ಏರಿಸುವ ಹಂಬಲಕ್ಕಿಂತ ಮುಖ್ಯವಾದದ್ದು ಕಾಡಂಚಿನ ರೈತನಿಗೆ ತಡವಿಲ್ಲದ, ನ್ಯಾಯವಾದ ಪರಿಹಾರ ಮತ್ತು ಊರಿಗೆ ಬಂದ ಹುಲಿಯ ಬಗ್ಗೆ ತ್ವರಿತ ಕ್ರಮ. ಹಸು ಕಳೆದುಕೊಂಡವನಿಗೆ ಸಕಾಲದಲ್ಲಿ ಹಣ ಕೈಸೇರಿದರೆ ಕಳೇಬರಕ್ಕೆ ವಿಷವಿಡುವ ಯೋಚನೆ ಸುಳಿಯುವುದು ಕಡಿಮೆಯಾದೀತು. ಬರಿದಾದ ಕಡೆ ಬೇಕಾಗಿರುವುದು ಜಿಂಕೆ, ಕಡವೆಗಳ ರಕ್ಷಣೆ. ಅವು ಹೆಚ್ಚಿದರೆ ಹುಲಿ ತಾನಾಗಿಯೇ ಬರುತ್ತದೆ.

ನಾಲ್ಕು ವರ್ಷಕ್ಕೊಮ್ಮೆ ಹುಲಿಗಳನ್ನು ಎಣಿಸಿ ಸುದ್ದಿ ಮಾಡುವ ನಾವು ಅವುಗಳ ಹಿಂದಿರುವ ಐನೂರರ ಬಳಗವನ್ನು, ಅದು ಮೇಯುವ ಹುಲ್ಲನ್ನು ಅಷ್ಟೇ ಆಸ್ಥೆಯಿಂದ ಕೇಳುವುದಿಲ್ಲ. ಮುಂದಿನ ಗಣತಿಯ ಅಂಕಿ ಹೊರಬಿದ್ದಾಗ ಆ ಪ್ರಶ್ನೆಯನ್ನೂ ಜೊತೆಗೇ ಕೇಳುವುದು ಒಳಿತು.